ಹಾಡಿ ಮನೆ ನಡೆಸುವವರು

ಹೆಣ್ಣುಮಗಳೊಬ್ಬಳು ಪರದೇಶದಲ್ಲಿ ದಾದಿಯಾಗಿ ದುಡಿಯುತ್ತಿರುವಳೆಂದರೆ ನಮ್ಮ ಮನೆಗಳಲ್ಲಿ ಹಿರಿಯರು ಸಂತೋಷಪಡುವರು. ಉಪಾಧ್ಯಾಯಿನಿಯೆಂದರೂ ತಲೆದೂಗುವರು. ಅವಳು ಹೋಟೆಲಿನ ಪಾನಗೃಹದಲ್ಲಿ ರಾತ್ರಿಯ ಹೊತ್ತು ಹಾಡುವಳೆಂದರೆ ಮಾತ್ರ ಮಾತು ಅಲ್ಲಿಗೇ ನಿಂತುಹೋಗುವುದು. ಕೇಳಿದವರು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುವರು. ಈ ಮೌನದಲ್ಲಿ ನ್ಯಾಯವೆಷ್ಟು, ಅನ್ಯಾಯವೆಷ್ಟು ಎಂಬುದನ್ನು ಈ ತಿಂಗಳು ನಮ್ಮ ವಾಚಕರೊಡನೆ ವಿಚಾರಮಾಡಬೇಕೆಂದು ಬಯಸಿದ್ದೇವೆ. ಈ ವೃತ್ತಿಯಲ್ಲಿ ಏಷ್ಯಾ ಖಂಡಕ್ಕೆಲ್ಲ ಹೆಸರಾದವರು ಫಿಲಿಪ್ಪೀನ್ಸ್ ದ್ವೀಪಗಳ ಜನರು. ಹಾಂಗ್‌ಕಾಂಗ್, ಸಿಂಗಪುರ, ದುಬೈ ಮೊದಲಾದ ಪಟ್ಟಣಗಳ ದೊಡ್ಡ ಹೋಟೆಲುಗಳಲ್ಲಿ ಸಂಜೆಯಾದ ಮೇಲೆ ಕೇಳಿಬರುವ ಕಂಠವು ಅನೇಕ ವೇಳೆ ಅವರದೇ. ಆದುದರಿಂದ ಅವರ ಮಾತನ್ನೇ ಎತ್ತಿಕೊಳ್ಳೋಣ.

ಈ ಜನರಿಗೆ ಪಾಶ್ಚಾತ್ಯ ಸಂಗೀತವು ಇಷ್ಟು ಸುಲಭವಾಗಿ ಒಲಿದುದು ಹೇಗೆ? 1565ರಿಂದ ಮುನ್ನೂರು ವರ್ಷಕ್ಕೂ ಮೀರಿ ಸ್ಪೇನಿನವರು ಆ ದ್ವೀಪಗಳನ್ನು ಆಳಿದರು. ಅವರ ಪಾದ್ರಿಗಳು ಊರೂರಿನ ಇಗರ್ಜಿಗಳಲ್ಲಿ ಹಾಡುವುದನ್ನೂ ವಾದ್ಯ ನುಡಿಸುವುದನ್ನೂ ಕಲಿಸಿದರು. 1898ರ ತರುವಾಯ ಅಮೆರಿಕದವರ ಆಳಿಕೆ ಬಂದಿತು; ಅದರೊಡನೆ ಇಂಗ್ಲಿಷು ಭಾಷೆಯೂ ಅಮೆರಿಕದ ಹಾಡುಗಳೂ ಬಂದವು. 1902ರಲ್ಲಿ ವಾಲ್ಟರ್ ಲವಿಂಗ್ ಎಂಬ ಕರಿಯ ಜನಾಂಗದ ಅಮೆರಿಕನ್ ಅಧಿಕಾರಿಯ ಕೈಕೆಳಗೆ ಅಲ್ಲಿನ ಪೊಲೀಸು ದಳದ ವಾದ್ಯಮೇಳವೊಂದು ಸಿದ್ಧವಾಯಿತು. ಅದು 1904ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದ ಮಹಾಪ್ರದರ್ಶನಕ್ಕೆ ಹೋಗಿ ಕೇಳಿದವರನ್ನೆಲ್ಲ ಬೆರಗುಗೊಳಿಸಿತು. ಇನ್ನು ಇಪ್ಪತ್ತು ಮೂವತ್ತು ವರ್ಷಗಳೊಳಗಾಗಿ ಶಾಂಘಾಯಿ, ಹಾಂಗ್‌ಕಾಂಗ್ ಪಟ್ಟಣಗಳ ನೃತ್ಯಶಾಲೆಗಳಲ್ಲಿ ಫಿಲಿಪ್ಪೀನ್ಸಿನ ವಾದ್ಯಗಾರರು ನೆಲೆನಿಂತರು. ಪರದೇಶದಲ್ಲಿ ಹಾಡಿ ಬಾಳುವುದು ಅವರಿಗೆ ಇಂದು ನಿನ್ನೆಯದಲ್ಲ.

ಆದರೆ ಕಲೆಯೊಂದೇ ಅವರನ್ನು ಮನೆ ಬಿಡಿಸಲಿಲ್ಲ, ಬಡತನವೂ ಬಿಡಿಸಿತು. 1974ರಲ್ಲಿ ಆ ದೇಶದ ಸರಕಾರವು ಕಾರ್ಮಿಕರ ಕಾಯಿದೆಯೊಂದನ್ನು ಮಾಡಿ, ಜನರನ್ನು ಹೊರದೇಶದ ಕೆಲಸಕ್ಕೆ ಕಳುಹಿಸುವ ವ್ಯವಸ್ಥೆಯನ್ನು ತಾನೇ ಕೈಗೊಂಡಿತು. ಕೆಲವು ಕಾಲದ ಮಟ್ಟಿಗೆಂದು ತೊಡಗಿದ ಏರ್ಪಾಡು ಅರ್ಧ ಶತಮಾನ ಕಳೆದರೂ ನಿಲ್ಲಲಿಲ್ಲ. 2024ರಲ್ಲಿ ಹೊರದೇಶದ ಫಿಲಿಪ್ಪೀನರು ಬ್ಯಾಂಕುಗಳ ಮೂಲಕ ತಾಯ್ನಾಡಿಗೆ ಕಳುಹಿಸಿದ ಹಣವು 3,400 ಕೋಟಿ ಡಾಲರುಗಳಿಗೂ ಮಿಕ್ಕಿತ್ತು. ಇದರಲ್ಲಿ ದಾದಿಯರ ದುಡಿಮೆಯುಂಟು, ನಾವಿಕರ ಬೆವರುಂಟು, ಮನೆಗೆಲಸದವರ ಕಣ್ಣೀರುಂಟು. ಹಾಡುವವರ ಕಂಠವೂ ಉಂಟು.

ಇಂಥ ಗಾಯಕಿಯು ಒಂದು ದಿನವನ್ನು ಹೇಗೆ ಕಳೆಯುವಳೆಂಬುದನ್ನು ನೋಡೋಣ. ಅವಳಿರುವುದು ದುಬೈಯೆಂದು ಇಟ್ಟುಕೊಳ್ಳಿರಿ. ಅಲ್ಲಿ ಮದ್ಯ ಮಾರುವುದಕ್ಕೆ ಸರಕಾರದ ಪರವಾನಗಿ ಬೇಕು. ಪರವಾನಗಿಯುಳ್ಳ ಪಾನಗೃಹಗಳು ಬಹುಮಟ್ಟಿಗೆ ಹೋಟೆಲುಗಳಲ್ಲಿಯೇ ಇರುವುವು. ಅದರಿಂದ ಹಾಡುವ ಕೆಲಸವೂ ಹೋಟೆಲಿನೊಳಗೇ. ಕರಾರು ಸಾಮಾನ್ಯವಾಗಿ ಕೆಲವು ತಿಂಗಳುಗಳದು. ಹೋಟೆಲಿನವರು ಮೆಚ್ಚಿದರೆ ಮುಂದುವರಿಯುವುದು, ಮೆಚ್ಚದಿದ್ದರೆ ಪೆಟ್ಟಿಗೆ ಕಟ್ಟಬೇಕು. ವಸತಿಯು ನೌಕರರಿಗೆಂದು ಕೊಟ್ಟ ಕೊಠಡಿಯಲ್ಲಿ; ಒಂದು ಕೋಣೆಗೆ ಇಬ್ಬರೋ ಮೂವರೋ. ಊಟವು ನೌಕರರ ಭೋಜನಶಾಲೆಯಲ್ಲಿ. ಅತಿಥಿಗಳು ನಡೆದಾಡುವ ಅಮೃತಶಿಲೆಯ ಮೊಗಸಾಲೆಯನ್ನು ಅವಳು ಕಾಣುವುದು ಹಾಡಲು ಇಳಿದುಬಂದಾಗ ಮಾತ್ರ.

ಅವಳಿಗೆ ಬೆಳಗಾಗುವುದು ನಡುಹಗಲಿನಲ್ಲಿ. ಎದ್ದೊಡನೆ ಬಿಸಿನೀರು, ಶುಂಠಿಯ ಕಷಾಯ. ನಮ್ಮ ಅಜ್ಜಿಯರು ಮಾಡಿಕೊಡುತ್ತಿದ್ದ ಕಷಾಯದಂಥದೇ ಒಂದನ್ನು ಅವರು ಸಲಬಾತ್ ಎನ್ನುವರು. ಕಂಠಕ್ಕೆ ಅದು ಬಹಳ ಒಳ್ಳೆಯದೆಂದು ಆ ನಾಡಿನ ಗಾಯಕರೆಲ್ಲರ ನಂಬಿಕೆ. ತಣ್ಣನೆಯ ಯಂತ್ರದ ಗಾಳಿ, ಸಿಗರೇಟಿನ ಹೊಗೆ, ನಿದ್ರೆಗೇಡು, ಈ ಮೂರೂ ಗಂಟಲಿಗೆ ಶತ್ರುಗಳು. ಗಂಟಲು ಕಟ್ಟಿದ ದಿನ ಅಡಿಗೆಯವನಂತೆ ಕೈಯನ್ನಾದರೂ ಆಡಿಸಿ ಕೆಲಸ ಸಾಗಿಸುವಂತಿಲ್ಲ. ಅವಳ ಉಪಕರಣವೇ ಅವಳ ದೇಹದೊಳಗಿರುವುದು.

ಮಧ್ಯಾಹ್ನದ ಮೇಲೆ ಅಭ್ಯಾಸ. ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಮಗುಚಿಟ್ಟ ಬರಿದಾದ ಪಾನಗೃಹದಲ್ಲಿ ಗಿಟಾರಿನವನೂ ಕೀಲಿಮಣೆಯ ವಾದ್ಯದವನೂ ಅವಳೂ ಸೇರಿ ಹೊಸ ಹಾಡುಗಳನ್ನು ಕೂಡಿಸುವರು. ಅವಳಿಗೆ ನೂರಾರು ಹಾಡುಗಳು ಬಾಯಿಪಾಠವಿರಬೇಕು. ಚೀನೀಯರು ಬಂದರೆ ಚೀನೀ ಹಾಡು, ಜಪಾನಿನವರು ಬಂದರೆ ಜಪಾನೀ ಹಾಡು, ಅರಬ್ಬರಿಗೆ ಅರಬ್ಬೀ ಹಾಡು. ಅರ್ಥ ತಿಳಿಯದ ಭಾಷೆಯನ್ನು ಬರಿಯ ಕಿವಿಯಿಂದಲೇ ಹಿಡಿದು, ಆ ಭಾಷೆಯವನು ಕೇಳಿ ಕಣ್ಣು ಮುಚ್ಚಿಕೊಳ್ಳುವಂತೆ ಹಾಡುವುದು ಸಾಮಾನ್ಯ ವಿದ್ಯೆಯೇನು? ಧ್ವನಿಮುದ್ರಿಕೆಯಲ್ಲಿದ್ದಂತೆ ಒಂದು ಸ್ವರವೂ ತಪ್ಪದೆ ಹಾಡುವುದಕ್ಕೆ ಅವರಲ್ಲಿ ಪ್ಲಕಾಡೊ ಎಂಬ ಮಾತೇ ಉಂಟು. ಇದನ್ನು ಅನುಕರಣವೆಂದು ಹಳಿಯುವವರಿದ್ದಾರೆ. ಆದರೆ ಅತಿಥಿಯು ಹಣ ಕೊಟ್ಟು ಬಯಸುವುದು ತನ್ನ ನೆನಪಿನ ಹಾಡನ್ನೇ ಹೊರತು ಇವಳ ಹೊಸ ಹಾಡನ್ನಲ್ಲ. ತನ್ನದೆಂಬುದನ್ನು ಬದಿಗಿಟ್ಟು ಪರರ ನೆನಪಿಗೆ ಧ್ವನಿ ಕೊಡುವುದೇ ಈ ವೃತ್ತಿಯ ಕಷ್ಟ.

ರಾತ್ರಿ 9 ಗಂಟೆಯ ಹೊತ್ತಿಗೆ ಹಾಡು ತೊಡಗುವುದು. ಮುಕ್ಕಾಲು ಗಂಟೆ ಹಾಡು, ಸ್ವಲ್ಪ ವಿಶ್ರಾಂತಿ, ಮತ್ತೆ ಮುಕ್ಕಾಲು ಗಂಟೆ. ಹೀಗೆ ಮೂರು ನಾಲ್ಕು ಸಲ. ವಾರಕ್ಕೆ ಆರು ರಾತ್ರಿ. ಮೊದಲನೆಯ ಸರದಿಯಲ್ಲಿ ಕೇಳುವವರು ಇಬ್ಬರೋ ಮೂವರೋ; ಅವರೂ ತಮ್ಮ ಮಾತಿನಲ್ಲಿಯೇ ಮುಳುಗಿರುವರು. ಕೊನೆಯ ಸರದಿಯಲ್ಲಿ ಜನ ತುಂಬಿರುವರು. ಅದರಲ್ಲಿ ಅರ್ಧದಷ್ಟು ಜನರಿಗೆ ಮೈಮೇಲೆ ಅರಿವು ಕಡಿಮೆ. ಚೀಟಿಗಳಲ್ಲಿ ಹಾಡಿನ ಹೆಸರು ಬರೆದು ಕಳುಹಿಸುವರು. ಒಬ್ಬನು ಒಂದೇ ಹಾಡನ್ನು ಮೂರು ಸಲ ಕೇಳುವನು; ಇನ್ನೊಬ್ಬನು ತಾನೇ ಬಂದು ಧ್ವನಿವರ್ಧಕವನ್ನು ಕಸಿದುಕೊಳ್ಳುವನು; ಮತ್ತೊಬ್ಬನು ತನ್ನ ಮೇಜಿಗೆ ಬಂದು ಕುಳಿತುಕೊಳ್ಳೆಂದು ಕರೆಯುವನು. ಎಲ್ಲರಿಗೂ ನಗುಮುಖದಿಂದಲೇ ಉತ್ತರ ಹೇಳಬೇಕು. ಒಲ್ಲೆನೆಂಬ ಮಾತನ್ನು ನೋವಾಗದಂತೆ ಹೇಳುವ ಜಾಣ್ಮೆಯನ್ನು ಯಾವ ಸಂಗೀತ ಶಾಲೆಯಲ್ಲಿಯೂ ಕಲಿಸುವುದಿಲ್ಲ. ಅವಳು ಅದನ್ನು ದಿನದಿನವೂ ಕಲಿಯುವಳು.

ರಾತ್ರಿ 1 ಗಂಟೆಗೆ ದೀಪವಾರುವುದು. ಆಗ ಅವಳ ಊರಿನಲ್ಲಿ ಬೆಳಗಿನ 5 ಗಂಟೆ. ಮಕ್ಕಳು ಶಾಲೆಗೆ ಹೊರಡಲು ಏಳುವ ಸಮಯ. ಮುಖದ ಬಣ್ಣ ತೊಳೆದುಕೊಂಡು, ಹಾಸಿಗೆಯ ಮೇಲೆ ಕುಳಿತು, ಪಕ್ಕದ ಹಾಸಿಗೆಯವಳಿಗೆ ನಿದ್ರೆ ಕೆಡದಂತೆ ಮೆಲ್ಲನೆ ಅವಳು ದೂರವಾಣಿಯಲ್ಲಿ ಮಾತನಾಡುವಳು. ಅಜ್ಜಿಯು ಮೊಮ್ಮಗಳಿಗೆ ಜಡೆ ಹಾಕುತ್ತಿರುವುದು ಪುಟ್ಟ ತೆರೆಯ ಮೇಲೆ ಕಾಣುವುದು. ಪಾಠ ಓದಿದೆಯಾ, ಜ್ವರ ಬಿಟ್ಟಿತೇ, ಶುಲ್ಕ ಕಟ್ಟಿದರೇ, ಇಷ್ಟೇ ಮಾತು. ನಮ್ಮ ಕರಾವಳಿಯಲ್ಲಿ ಕೊಲ್ಲಿಯ ದುಡಿಮೆಯಿಂದ ನಡೆಯುವ ಎಷ್ಟೋ ಮನೆಗಳಿಗೆ ಈ ಚಿತ್ರವು ಹೊಸದೆನಿಸಲಾರದು. ಅಲ್ಲಿ ತಂದೆಯು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ತಾಯಿಯು ಕೇಳುವಳು.

ಫಿಲಿಪ್ಪೀನ್ಸಿನಲ್ಲಿ ಕ್ರಿಸ್ಮಸ್ ಹಬ್ಬದ ಸಡಗರವು ಸೆಪ್ಟೆಂಬರಿನಲ್ಲಿಯೇ ತೊಡಗುವುದು. ಡಿಸೆಂಬರು 24ರ ಮಧ್ಯರಾತ್ರಿ ಮನೆಯವರೆಲ್ಲ ಕೂಡಿ ಉಣ್ಣುವರು. ಹೋಟೆಲಿಗೆ ಹೆಚ್ಚು ಜನ ಬರುವುದೂ ಆ ದಿನವೇ. ಮನೆಗೆ ಬರಬೇಕಾದ ರಾತ್ರಿಯೇ ಅವಳು ಪರರ ಹಬ್ಬಕ್ಕೆ ಹಾಡುವಳು. ತನ್ನ ಬದಲಾಗಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಹಡಗಿನಲ್ಲಿ ಕಳುಹಿಸಿರುವಳು; ಅದರಲ್ಲಿ ಸಾಬೂನು, ಮಿಠಾಯಿ, ಡಬ್ಬಿಯ ತಿನಿಸು, ಮಕ್ಕಳ ಬೂಟು. ಬೂಟು ಒಂದಂಗುಲ ದೊಡ್ಡದಾಗಿಯೇ ಇರುವುದು. ಮಗು ಎಷ್ಟು ಬೆಳೆದಿದೆಯೆಂಬುದನ್ನು ಅಳೆಯಲು ಅವಳು ಹತ್ತಿರವಿಲ್ಲ.

ಇನ್ನು ಈ ವೃತ್ತಿಯ ಕತ್ತಲೆಯ ಕಡೆಯನ್ನೂ ಮುಚ್ಚಿಡತಕ್ಕದ್ದಲ್ಲ. ಹಿಂದೆ ಜಪಾನು ದೇಶವು ಮನರಂಜಕರಿಗೆಂದೇ ಪ್ರತ್ಯೇಕ ರಹದಾರಿಯನ್ನು ಕೊಡುತ್ತಿತ್ತು. 2004ರಲ್ಲಿ ಅದನ್ನು ಹಿಡಿದು ಆ ದೇಶಕ್ಕೆ ಹೋದ ಫಿಲಿಪ್ಪೀನರು 80,000ಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ತರುಣಿಯರು. ತಮ್ಮ ದೇಶದ ಪರೀಕ್ಷೆಯಲ್ಲಿ ಹಾಡಿ ಕುಣಿದು ಕಲಾವಿದೆಯರೆಂದು ಸರಕಾರದ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡು ಹೋದವರು ಇವರು. ಅಲ್ಲಿ ಇಳಿದ ಮೇಲೆ ಅನೇಕರಿಗೆ ದೊರೆತುದು ವೇದಿಕೆಯಲ್ಲ. ಗಿರಾಕಿಗಳ ಪಕ್ಕದಲ್ಲಿ ಕುಳಿತು ಪಾನೀಯ ಸುರಿದುಕೊಡುವ ಕೆಲಸ, ಹಗಲಿನಲ್ಲಿ ಅವರೊಡನೆ ಹೊರಗೆ ತಿರುಗಾಡುವ ಕಟ್ಟಳೆ. ರಹದಾರಿಯನ್ನು ಯಜಮಾನನು ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದುದೂ ಉಂಟು. ಸಂಬಳವನ್ನು ಹಿಂದಿರುಗುವ ದಿನ ಕೊಡುವೆನೆಂದು ತಡೆಹಿಡಿಯುತ್ತಿದ್ದುದೂ ಉಂಟು. 2004ರಲ್ಲಿ ಅಮೆರಿಕದ ಸರಕಾರವು ಮನುಷ್ಯರ ಮಾರಾಟವನ್ನು ಕುರಿತ ತನ್ನ ವರದಿಯಲ್ಲಿ ಜಪಾನನ್ನು ಎಚ್ಚರಿಕೆಯ ಪಟ್ಟಿಗೆ ಸೇರಿಸಿತು. 2005ರಲ್ಲಿ ಜಪಾನು ನಿಯಮಗಳನ್ನು ಬಿಗಿಗೊಳಿಸಿತು. ತಾಯ್ನಾಡಿನ ಸರಕಾರದ ಮುದ್ರೆಯೊಂದೇ ಇನ್ನು ಸಾಲದೆಂದಿತು. 2006ರ ಹೊತ್ತಿಗೆ ಹೋಗುವವರ ಸಂಖ್ಯೆ 10,000ಕ್ಕೂ ಕೆಳಗಿಳಿಯಿತು. ಮೋಸಗಾರರ ಬಲೆ ಹರಿಯಿತು, ನಿಜ. ನಿಜವಾಗಿ ಹಾಡಿ ಸಂಬಳ ಪಡೆಯುತ್ತಿದ್ದವರ ಅನ್ನವೂ ಅದರೊಡನೆ ಹೋಯಿತು.

ಇದಕ್ಕಿಂತಲೂ ನೋವಿನ ಸಂಗತಿ ಬೇರೆಯಿದೆ. ಅಧ್ಯಕ್ಷೆ ಕೊರಜೋನ್ ಆಕ್ವಿನೊ ಅವರು 1988ರಲ್ಲಿ ಪರದೇಶದಲ್ಲಿ ದುಡಿಯುವವರನ್ನು ನಾಡಿನ ಹೊಸ ವೀರರೆಂದು ಕರೆದರು. ಆದರೆ ಜಪಾನಿನಿಂದ ಹಿಂದಿರುಗಿದ ಹೆಣ್ಣನ್ನು ನೆರೆಹೊರೆಯವರು ಕರೆದುದು ಜಪಾಯುಕಿ ಎಂಬ ಹೀನಾಯದ ಹೆಸರಿನಿಂದ. ಅವಳು ಕಳುಹಿಸಿದ ಹಣದಿಂದ ಮನೆಗೆ ಮಾಡು ಬಂದಿತು, ತಮ್ಮನ ಓದು ಮುಗಿಯಿತು. ಮಾತು ಮಾತ್ರ ಬದಲಾಗಲಿಲ್ಲ. ಹೀಗಿರುವಾಗ, ಯಜಮಾನನು ಸಂಬಳ ಕೊಡಲಿಲ್ಲವೆಂದೋ ಮೈಮುಟ್ಟಿದನೆಂದೋ ದೂರು ಹೇಳಲು ಅವಳಿಗೆ ಧೈರ್ಯ ಬರುವುದು ಹೇಗೆ? ದೂರಿದರೆ ಊರಿಗೆ ತಿಳಿಯುವುದು; ಊರಿಗೆ ತಿಳಿದರೆ ಮಾನ ಹೋಗುವುದು. ವಂಚಕನಿಗೆ ಬೇಕಾದುದೂ ಇದೇ. ಅವನು ಅವಳ ರಹದಾರಿಗೆ ಹಾಕಿದ ಬೀಗಕ್ಕಿಂತ ನಾವು ಅವಳ ಬಾಯಿಗೆ ಹಾಕಿದ ಬೀಗ ದೊಡ್ಡದು.

ಹಾಡಿ ಗಳಿಸುವ ಹೆಣ್ಣನ್ನು ಹೀಗೆ ನೋಡುವುದು ಆ ದ್ವೀಪದವರ ದೋಷವೊಂದೇ ಅಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ವಿದ್ಯೆ ಕಲಿತ ಗಂಗೂಬಾಯಿ ಹಾನಗಲ್ ಅವರನ್ನು ಎಳೆಯ ವಯಸ್ಸಿನಲ್ಲಿ ಬೀದಿಯ ಜನರು ಹಾಡುವವಳು ಬಂದಳೆಂದು ಹಾಸ್ಯಮಾಡುತ್ತಿದ್ದರು. ಆ ಹಾಡುವವಳ ಹೆಸರಿನಿಂದಲೇ ಇಂದು ಕರ್ನಾಟಕವು ಹೆಮ್ಮೆಪಡುತ್ತಿದೆ. ಪಾನಗೃಹದ ಹಾಡಿಗೂ ಆ ಮಹಾವಿದ್ಯೆಗೂ ಸಮಾನತೆಯನ್ನು ನಾವು ಹೇಳುತ್ತಿಲ್ಲ. ಹಾಸ್ಯಮಾಡಿದ ಬಾಯಿಗಳು ಎರಡು ಕಡೆಯಲ್ಲಿಯೂ ಒಂದೇ ಎಂದಷ್ಟೇ ಹೇಳುತ್ತಿದ್ದೇವೆ.

ಈ ವೃತ್ತಿಯಲ್ಲಿ ಭಾಗ್ಯದ ಬಾಗಿಲು ತೆರೆಯುವುದು ಸಾವಿರಕ್ಕೊಬ್ಬರಿಗೆ. ಬಾಲ್ಯದಲ್ಲಿ ತಾಯಿಯನ್ನು ಕಳೆದುಕೊಂಡು ಮನಿಲಾದ ಬೀದಿಯಲ್ಲಿ ಮಲಗಿದ್ದ ಆರ್ನೆಲ್ ಪಿನೆಡಾ ಎಂಬವರು ಹಾಂಗ್‌ಕಾಂಗಿನಲ್ಲಿ ಬಹುವರ್ಷ ಹಾಡಿ ಬದುಕಿದರು. 2007ರಲ್ಲಿ ಅವರ ಹಾಡನ್ನು ಅಂತರಜಾಲದಲ್ಲಿ ಕೇಳಿದ ಜರ್ನಿ ಎಂಬ ಪ್ರಸಿದ್ಧ ಅಮೆರಿಕನ್ ಮೇಳದವರು ತಮ್ಮ ಮುಖ್ಯ ಗಾಯಕರನ್ನಾಗಿ ಮಾಡಿಕೊಂಡರು. ಉಳಿದವರಿಗೆ ಅದೇ ವೇದಿಕೆ, ಅದೇ ಚೀಟಿ. 2020ರ ಮಹಾಮಾರಿಯ ಕಾಲದಲ್ಲಿ ಹೋಟೆಲುಗಳು ಮುಚ್ಚಿದಾಗ ಆ ವೇದಿಕೆಯೂ ಹೋಯಿತು. ಅಡಿಗೆಮನೆಯು ಮೊದಲು ತೆರೆಯಿತು, ಹಾಡಿಗೆ ಅಪ್ಪಣೆ ಬಂದುದು ಬಹಳ ತಡವಾಗಿ.

ನಮ್ಮ ವಾಚಕರ ಮನೆಗಳಲ್ಲಿಯೂ ಒಳ್ಳೆಯ ಕಂಠವುಳ್ಳ ಹೆಣ್ಣುಮಕ್ಕಳಿರುವರು. ಅವರಲ್ಲೊಬ್ಬಳು ಹೀಗೆ ಹೊರಡುವೆನೆಂದರೆ ಗದರಿಸಿ ಬಾಯಿ ಮುಚ್ಚಿಸುವುದಕ್ಕಿಂತ ಮೊದಲು ಕರಾರುಪತ್ರವನ್ನು ತೆಗೆಸಿ, ದೀಪದ ಬಳಿ ಕುಳಿತು ಓದುವುದು ಲೇಸು. ಅದು ಅವಳಿಗೆ ತಿಳಿಯುವ ಭಾಷೆಯಲ್ಲಿದೆಯೇ? ದಿನಕ್ಕೆ ಎಷ್ಟು ಹೊತ್ತು ಹಾಡಬೇಕು, ವಾರಕ್ಕೊಂದು ರಜವುಂಟೇ? ಕೊಲ್ಲಿಯ ಹೋಟೆಲುಗಳಲ್ಲಿ ರಂಜಾನ್ ಮಾಸದಲ್ಲಿ ವಾದ್ಯಗೋಷ್ಠಿಯನ್ನು ನಿಲ್ಲಿಸುವುದು ಬಹುಕಾಲ ನಡೆದುಬಂದ ಪದ್ಧತಿ. ಆ ತಿಂಗಳ ಸಂಬಳದ ಮಾತೇನು? ಹಿಂದಿರುಗುವ ಚೀಟಿಯ ಖರ್ಚು ಯಾರದು? ಗಿರಾಕಿಗಳೊಡನೆ ಕುಳಿತುಕೊಳ್ಳಬೇಕೆಂಬ ಮಾತು ಎಲ್ಲಿಯಾದರೂ ನುಸುಳಿದೆಯೇ? ಕಳುಹಿಸುವ ದಲ್ಲಾಳಿಯು ಸರಕಾರದಲ್ಲಿ ಹೆಸರು ನೋಂದಾಯಿಸಿರುವನೇ? ರಹದಾರಿಯನ್ನು ಅವಳು ಯಾರ ಕೈಗೂ ಕೊಡದೆ ತನ್ನ ಬಳಿಯಲ್ಲಿಯೇ ಇಟ್ಟುಕೊಳ್ಳಬೇಕು. ಅದರ ಪ್ರತಿಯೊಂದು ಮನೆಯಲ್ಲಿಯೂ ಇರಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಕರಾರುಪತ್ರದಲ್ಲಿ ಬರೆಯಲು ಬರುವುದಿಲ್ಲ. ಅದನ್ನು ಮನೆಯವರೇ ಹೇಳಬೇಕು. ಏನಾದರೂ ಕೆಟ್ಟುದು ನಡೆದರೆ ಮರೆಮಾಡದೆ ನಮಗೆ ತಿಳಿಸು. ನಾವು ನಿನ್ನನ್ನು ಕೇಳುವುದಕ್ಕಿಂತ ಮೊದಲು ಅವರನ್ನು ಕೇಳುವೆವು. ಯಾವ ಹೊತ್ತಿಗೆ ಬಂದರೂ ಈ ಮನೆಯ ಬಾಗಿಲು ನಿನಗೆ ತೆರೆದಿರುವುದು ಎಂದು. ಮದ್ಯಪಾನವನ್ನು ನಾವು ಹೊಗಳುವವರಲ್ಲ. ಕುಡಿಯುವವನ ದೋಷವನ್ನು ಹಾಡುವವಳ ತಲೆಗೆ ಕಟ್ಟುವವರೂ ಅಲ್ಲ. ಮಕ್ಕಳ ಶುಲ್ಕಕ್ಕಾಗಿ ನಡುರಾತ್ರಿಯವರೆಗೆ ನಿಂತು ಹಾಡುವ ತಾಯಿಯು ದುಡಿದು ತಿನ್ನುವವಳು. ದುಡಿದು ತಿನ್ನುವವರಿಗೆ ಸಲ್ಲುವ ಮರ್ಯಾದೆಯು ಅವಳಿಗೂ ಸಲ್ಲತಕ್ಕದ್ದು.