ಹಣ ಜನರದು, ಕಾರ್ಖಾನೆ ಯಾರದು?

ಸರ್ಕಾರ ಬಡವನಿಗೆ ಕಾಸು ಕೊಟ್ಟರೆ ಅದಕ್ಕೆ ಬಿಟ್ಟಿ ಭಾಗ್ಯವೆಂದು ಹೆಸರು. ಬಂಡವಾಳಗಾರನಿಗೆ ಕೊಟ್ಟರೆ ಪ್ರೋತ್ಸಾಹಧನವೆಂದು ಹೆಸರು. ಮೊದಲನೆಯದು ಬೊಕ್ಕಸಕ್ಕೆ ಹೊರೆ, ಎರಡನೆಯದು ದೇಶದ ಪ್ರಗತಿ! ಆದರೆ ಎರಡೂ ಹೊರಡುವುದು ಒಂದೇ ಬೊಕ್ಕಸದಿಂದ. ಸಂತೆಯಲ್ಲಿ ಒಂದು ಬಿಲ್ಲೆ ಸಾಬೂನು ಕೊಳ್ಳುವ ಕೂಲಿ ಹೆಂಗಸೂ ಆ ಬೊಕ್ಕಸಕ್ಕೆ ತನ್ನ ಪಾಲಿನ ತೆರಿಗೆ ಕಟ್ಟುತ್ತಾಳೆ. ಆದುದರಿಂದ ಅಲ್ಲಿಂದ ಹೊರಟ ಹಣ ಯಾರ ಕೈ ಸೇರಿತು, ಯಾವ ಕರಾರಿನ ಮೇಲೆ ಸೇರಿತು ಎಂದು ಕೇಳುವ ಹಕ್ಕು ಅವಳಿಗಿದೆ. ಈ ಹಕ್ಕನ್ನು ಇಂದು ಯಾರೂ ಬಾಯಿಬಿಟ್ಟು ಅಲ್ಲಗಳೆಯುವುದಿಲ್ಲ. ಆದರೆ ಯಾರೂ ನಡೆಸಿಕೊಡುವುದೂ ಇಲ್ಲ.

ಒಂದು ಉದಾಹರಣೆಯನ್ನು ಮಾತ್ರ ಓದುಗರ ಮುಂದಿಡುತ್ತೇವೆ. 2023ರ ಜೂನ್ ತಿಂಗಳಲ್ಲಿ ಪ್ರಧಾನಿಗಳು ಅಮೆರಿಕಾ ಪ್ರವಾಸದಲ್ಲಿದ್ದಾಗ, ಆ ದೇಶದ ಮೈಕ್ರಾನ್ ಎಂಬ ಕಂಪನಿ ಗುಜರಾತಿನ ಸಾನಂದದಲ್ಲಿ ಕಾರ್ಖಾನೆ ಕಟ್ಟುವುದೆಂದು ಪ್ರಕಟವಾಯಿತು. ಕಂಪ್ಯೂಟರು, ಮೊಬೈಲುಗಳೊಳಗೆ ಕೂರುವ ಚಿಪ್ಪುಗಳನ್ನು ಜೋಡಿಸಿ ಪರೀಕ್ಷೆ ಮಾಡುವ ಕಾರ್ಖಾನೆ ಇದು. ಒಟ್ಟು ಬಂಡವಾಳ 275 ಕೋಟಿ ಡಾಲರು, ಎಂದರೆ ಆಗಿನ ದರದಲ್ಲಿ ಸುಮಾರು 22,500 ಕೋಟಿ ರೂಪಾಯಿ. ಇದರಲ್ಲಿ ಕಂಪನಿ ಹಾಕುವುದು ಹೆಚ್ಚೆಂದರೆ 82.5 ಕೋಟಿ ಡಾಲರು, ನೂರಕ್ಕೆ ಮೂವತ್ತು ಪಾಲು. ನೂರಕ್ಕೆ ಐವತ್ತು ಪಾಲು ಭಾರತ ಸರ್ಕಾರದ್ದು, ಇಪ್ಪತ್ತು ಪಾಲು ಗುಜರಾತ್ ಸರ್ಕಾರದ್ದು. ಹೀಗೆ ಮುಕ್ಕಾಲಿಗೆ ಸ್ವಲ್ಪ ಕಡಮೆ ಬಂಡವಾಳ ಜನರದು. ಕಾರ್ಖಾನೆ ಮಾತ್ರ ಪೂರ್ತಿ ಕಂಪನಿಯದು. ನೇರವಾಗಿ ಸಿಗುವ ಕೆಲಸ ಐದು ಸಾವಿರವೆಂದು ಅಂದಾಜು ಹೇಳಿದ್ದಾರೆ.

ಈ ಲೆಕ್ಕವನ್ನು ಬಹಿರಂಗವಾಗಿ ಮಾಡಿದವರು ವಿರೋಧ ಪಕ್ಷದವರಲ್ಲ. ಕೇಂದ್ರದ ಬೃಹತ್ ಕೈಗಾರಿಕೆಗಳ ಮಂತ್ರಿಯಾಗಿ ಆಗಷ್ಟೇ ಅಧಿಕಾರ ವಹಿಸಿಕೊಂಡಿದ್ದ ಶ್ರೀ ಎಚ್. ಡಿ. ಕುಮಾರಸ್ವಾಮಿಯವರು 2024ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಮಾತನಾಡುತ್ತ, ಐದು ಸಾವಿರ ಕೆಲಸಕ್ಕಾಗಿ ಇಷ್ಟು ಹಣ ಕೊಟ್ಟರೆ ಒಂದೊಂದು ಕೆಲಸಕ್ಕೆ 3.2 ಕೋಟಿ ರೂಪಾಯಿ ಬೀಳುತ್ತದೆ, ಪೀಣ್ಯದ ಸಣ್ಣ ಕೈಗಾರಿಕೆಗಳಿಗೆ ನಾವು ಕೊಟ್ಟಿರುವುದೇನು ಎಂದು ಕೇಳಿದರು. ಸರಿಯಾದ ಪ್ರಶ್ನೆ. ಆದರೆ ದೆಹಲಿಯಲ್ಲಿ ಗದ್ದಲವಾಗುತ್ತಲೇ ಮಾನ್ಯ ಮಂತ್ರಿಗಳು ತಮ್ಮ ಮಾತಿನ ಅರ್ಥ ಬೇರೆ ಎಂದು ಸ್ಪಷ್ಟೀಕರಣ ಕೊಟ್ಟರು. ಪ್ರಶ್ನೆ ಕೇಳಿದವರು ಹಿಂದೆ ಸರಿದರು; ಪ್ರಶ್ನೆ ಅಲ್ಲಿಯೇ ನಿಂತಿದೆ. ಅದನ್ನು ಎತ್ತಿಕೊಳ್ಳುವುದು ನಮ್ಮ ಕರ್ತವ್ಯ.

ತಲಾ ಲೆಕ್ಕ ಹಾಕುವುದು ಕೀಳು ಬುದ್ಧಿಯೆಂದು ಕೆಲವರು ಮೂಗು ಮುರಿಯುತ್ತಾರೆ. 1963ರಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಲೋಕಸಭೆಯಲ್ಲಿ ಎದ್ದು ನಿಂತು, ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಹೇಳಿದಾಗಲೂ ಆಳುವವರು ಹೀಗೆಯೇ ಮೂಗು ಮುರಿದಿದ್ದರು. ಸಾವಿರಾರು ಕೋಟಿ ಎಂಬ ಮಾತು ಶ್ರೀಸಾಮಾನ್ಯನ ಕಿವಿಗೆ ಬರಿಯ ಸದ್ದು. ಅದನ್ನು ತಲೆಗಿಷ್ಟೆಂದು ಹಂಚಿದಾಗಲೇ ಅದರ ನ್ಯಾಯ ಅನ್ಯಾಯಗಳು ಗೋಚರಿಸುವುದು. ಅಂಗನವಾಡಿ ಕಾರ್ಯಕರ್ತೆಗೆ ಕೇಂದ್ರವು 2018ರಲ್ಲಿ ಗೊತ್ತುಮಾಡಿದ ಗೌರವಧನ ತಿಂಗಳಿಗೆ 4,500 ರೂಪಾಯಿ. ರಾಜ್ಯಗಳು ತಮ್ಮ ಕಡೆಯಿಂದ ಸೇರಿಸುವುದು ಬೇರೆ. ಸಾನಂದದ ಒಂದು ಕೆಲಸಕ್ಕೆ ಬೀಳುವ ಹಣದಲ್ಲಿ ಈ ದರದಂತೆ ಒಬ್ಬ ಕಾರ್ಯಕರ್ತೆಗೆ ಐನೂರ ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ಗೌರವಧನ ಕೊಡಬಹುದು. ಮಕ್ಕಳಿಗೆ ಊಟ, ಪಾಠ ನೋಡಿಕೊಳ್ಳುವವಳು ನೌಕರಳೂ ಅಲ್ಲ, ಅವಳದು ಸಂಬಳವೂ ಅಲ್ಲ, ಬರಿಯ ಗೌರವ!

ಎದುರು ಪಕ್ಷದ ವಾದವನ್ನೂ ಕೇಳೋಣ. ನೇರ ಕೆಲಸ ಐದು ಸಾವಿರವಾದರೂ ಅದರ ಆಸರೆಯಲ್ಲಿ ಇನ್ನೂ ಹದಿನೈದು ಸಾವಿರ ಕೆಲಸ ಹುಟ್ಟುತ್ತವೆ ಎನ್ನುತ್ತಾರೆ. ಆಗಲಿ, ಇಪ್ಪತ್ತು ಸಾವಿರವೆಂದೇ ಹಿಡಿಯೋಣ. ಆಗಲೂ ಒಂದು ಕೆಲಸಕ್ಕೆ ಮುಕ್ಕಾಲು ಕೋಟಿಯ ಮೇಲೆಯೇ ಬೀಳುತ್ತದೆ. ಎರಡನೆಯದಾಗಿ, ಚಿಪ್ಪುಗಳಿಗಾಗಿ ಪರದೇಶದ ಬಾಗಿಲು ಕಾಯುವುದು ದೇಶಕ್ಕೆ ಅಪಾಯ, ಎಲ್ಲ ದೇಶಗಳೂ ಹಣ ಕೊಡುತ್ತಿರುವಾಗ ನಾವು ಕೊಡದಿದ್ದರೆ ಯಾರೂ ಬರುವುದಿಲ್ಲ ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ದೇಶಕ್ಕೆ ಕೈಗಾರಿಕೆ ಬೇಡವೆಂದು ಸಮಾಜವಾದಿಗಳು ಎಂದೂ ಹೇಳಿಲ್ಲ. ಜನರ ಹಣದಿಂದ ಕಾರ್ಖಾನೆ ಏಳಬಾರದೆಂದೂ ಹೇಳಿಲ್ಲ. ನಾವು ಕೇಳುವುದಿಷ್ಟೆ: ಹಣ ಹಾಕಿದವನಿಗೆ ಪಾಲೆಲ್ಲಿ?

ಒಕ್ಕಲುತನ ಬಲ್ಲ ಯಾವ ಹಳ್ಳಿಗನನ್ನಾದರೂ ಕೇಳಿ ನೋಡಿ. ಹೊಲ ಒಬ್ಬನದು, ದುಡಿಮೆ ಒಬ್ಬನದು, ಬೀಜ ಗೊಬ್ಬರ ಮತ್ತೊಬ್ಬನದು ಎಂದಾದರೆ ಕಣದಲ್ಲಿ ರಾಶಿ ಎದ್ದ ದಿನ ಮೂವರೂ ಕೊಳಗ ಹಿಡಿದು ನಿಲ್ಲುತ್ತಾರೆ. ಬೀಜ, ಗೊಬ್ಬರ, ಎತ್ತು ಎಲ್ಲವನ್ನೂ ಕೊಟ್ಟವನು ಕಣದಿಂದ ಬರಿಗೈಯಲ್ಲಿ ಮನೆಗೆ ಹೋದನೆಂದರೆ ಊರು ನಗುತ್ತದೆ. ಸರ್ಕಾರ ಇಂದು ಮಾಡುತ್ತಿರುವುದು ಇದನ್ನೇ.

ಇದು ನಮ್ಮ ನಾಡಿಗೆ ಹೊಸ ವಿಚಾರವಲ್ಲ. 1940ರಲ್ಲಿ ವಾಲಚಂದ್ ಹೀರಾಚಂದರು ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಕಟ್ಟಲು ಬಂದಾಗ ಮೈಸೂರು ಸರ್ಕಾರ ಅವರಿಗೆ ಹಣವನ್ನು ದಾನ ಕೊಡಲಿಲ್ಲ. ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯಲ್ಲಿ ಪಾಲುಗಾರನಾಯಿತು. ಮುಂದೆ ಅದು ಜನರದೇ ಕಾರ್ಖಾನೆಯಾಗಿ ಬೆಳೆದುದನ್ನು ಎಲ್ಲರೂ ಬಲ್ಲರು. 1933ರಲ್ಲಿ ಎದ್ದ ಮಂಡ್ಯದ ಸಕ್ಕರೆ ಕಂಪನಿಯಲ್ಲಿಯೂ ಸರ್ಕಾರದ ಪಾಲಿತ್ತು. ಅರಸರ ಕಾಲದ ದಿವಾನರಿಗೆ ತೋಚಿದ ಈ ವಿವೇಕ ಪ್ರಜಾಪ್ರಭುತ್ವದ ಮಂತ್ರಿಗಳಿಗೆ ತೋಚದಿರುವುದು ವಿಚಿತ್ರ.

ಅರಸರ ಕಾಲ ಬೇಡವೆನ್ನುವವರು ಬಂಡವಾಳಶಾಹಿಯ ತವರಾದ ಅಮೆರಿಕಾವನ್ನೇ ನೋಡಲಿ. ಅಲ್ಲಿ 2022ರಲ್ಲಿ ಚಿಪ್ ಕಾರ್ಖಾನೆಗಳಿಗೆ ಹಣ ಕೊಡುವ ಕಾನೂನಾಯಿತು. ಆ ಹಣವನ್ನು ಷೇರುದಾರರಿಗೆ ಡಿವಿಡೆಂಡ್ ಹಂಚಲು ಬಳಸಕೂಡದೆಂದು ಕಟ್ಟು ಹಾಕಿದರು. 15 ಕೋಟಿ ಡಾಲರಿಗಿಂತ ಹೆಚ್ಚು ಪಡೆಯುವ ಕಂಪನಿ, ಅಂದಾಜಿಗಿಂತ ಬಹಳ ಹೆಚ್ಚು ಲಾಭ ಬಂದರೆ ಅದರಲ್ಲಿ ಸರ್ಕಾರಕ್ಕೆ ಭಾಗ ಕೊಡಬೇಕು, ಕೆಲಸಗಾರರ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡನ್ನೂ ತೋರಿಸಬೇಕು ಎಂದು 2023ರಲ್ಲಿ ನಿಯಮ ಮಾಡಿದರು. 2025ರ ಆಗಸ್ಟ್‌ನಲ್ಲಿ ಅಮೆರಿಕಾ ಸರ್ಕಾರ ಇಂಟೆಲ್ ಕಂಪನಿಗೆ ಕೊಡಬೇಕಾಗಿದ್ದ ನೆರವನ್ನು ಷೇರುಗಳಾಗಿ ಮಾರ್ಪಡಿಸಿ, ಹೆಚ್ಚು ಕಡಮೆ ಹತ್ತನೆಯ ಒಂದು ಪಾಲಿನ ಒಡೆತನ ಪಡೆಯಿತು. ಅದು ಸಮಾಜವಾದವೆಂದು ನಾವು ಭ್ರಮಿಸಿಲ್ಲ. ವ್ಯಾಪಾರಿಯ ಲೆಕ್ಕ ಅಷ್ಟೆ. ಆದರೆ ಆ ಲೆಕ್ಕವೂ ನಮ್ಮವರಿಗೆ ಬರಲಿಲ್ಲ. ಇದೇ ಮೈಕ್ರಾನ್ ಕಂಪನಿಗೆ ಅದರ ಸ್ವಂತ ದೇಶವೂ 2024ರಲ್ಲಿ 600 ಕೋಟಿ ಡಾಲರಿಗೂ ಹೆಚ್ಚು ಹಣ ಮಂಜೂರು ಮಾಡಿತು, ಆ ಕಾನೂನಿನ ಕಟ್ಟುಗಳೊಡನೆ. ಅಲ್ಲಿ ಕಟ್ಟಿಗೆ ಒಪ್ಪಿದ ಕಂಪನಿ ಇಲ್ಲಿ ಒಪ್ಪುವುದಿಲ್ಲವೆಂದು ನಂಬಲು ಕಾರಣವೇನು?

ಅದೇ ಸಾನಂದದಲ್ಲಿ ಮತ್ತೊಂದು ಪಾಠವೂ ಇದೆ. 2008ರಲ್ಲಿ ಬಂಗಾಳದ ಸಿಂಗೂರನ್ನು ಬಿಟ್ಟ ಟಾಟಾ ಕಂಪನಿಯ ನ್ಯಾನೋ ಕಾರ್ಖಾನೆ ಅಲ್ಲಿಗೆ ಬಂತು. ಬಡವನ ಕಾರೆಂಬ ಹೆಸರಿನಲ್ಲಿ ಗುಜರಾತ್ ಸರ್ಕಾರ 580 ಕೋಟಿ ರೂಪಾಯಿಗೂ ಹೆಚ್ಚು ಸಾಲ ಕೊಟ್ಟಿತು. ಬಡ್ಡಿ ನೂರು ರೂಪಾಯಿಗೆ ವರ್ಷಕ್ಕೆ ಹತ್ತು ಪೈಸೆ! 2018ರ ಹೊತ್ತಿಗೆ ಆ ಕಾರಿನ ತಯಾರಿಕೆ ನಿಂತೇಹೋಯಿತು. ಕಾರ್ಖಾನೆ ಮುಚ್ಚಲಿಲ್ಲ, ಬೇರೆ ಕಾರುಗಳನ್ನು ಮಾಡಿತು ಎಂಬುದು ನಿಜ. ಆದರೆ ಬಡವನ ಹೆಸರಿನಲ್ಲಿ ಹೊರಟ ಹಣಕ್ಕೆ ಬಡವನ ಸಾಕ್ಷಿಯೇ ಬೇಕಾಗಲಿಲ್ಲ. ರಾಜ್ಯಗಳು ಒಂದಕ್ಕೊಂದು ಪೈಪೋಟಿಗೆ ಬಿದ್ದು ನಾ ಹೆಚ್ಚು, ತಾ ಹೆಚ್ಚು ಎಂದು ಹರಾಜು ಕೂಗಿದರೆ ಲಾಭ ಕೊಳ್ಳುವವನಿಗೇ. 2025ರ ಫೆಬ್ರವರಿಯಲ್ಲಿ ಹೂಡಿಕೆದಾರರ ಸಮಾವೇಶ ನಡೆಸಿ ಹೊಸ ಕೈಗಾರಿಕಾ ನೀತಿ ಪ್ರಕಟಿಸಿದ ನಮ್ಮ ಕರ್ನಾಟಕ ಸರ್ಕಾರವೂ ಈ ಹರಾಜಿನ ಹೊರಗೆ ನಿಂತಿಲ್ಲ.

ಇನ್ನು ಕಟ್ಟುಪಾಡಿನ ಮಾತು. ವರ್ಷಕ್ಕೆ ಆರು ಸಾವಿರ ರೂಪಾಯಿಯ ಕಿಸಾನ್ ಹಣಕ್ಕಾಗಿ ರೈತ ಪಹಣಿ ತರಬೇಕು, ಆಧಾರ್ ಜೋಡಿಸಬೇಕು, ಬೆರಳು ಒತ್ತಬೇಕು. ಅನರ್ಹನೆಂದು ಆಮೇಲೆ ಕಂಡುಬಂದರೆ ಹಣವನ್ನು ವಾಪಸು ಕಟ್ಟೆಂದು ನೋಟೀಸು ಬರುತ್ತದೆ. ಇದನ್ನು ನಾವು ತಪ್ಪೆನ್ನುವುದಿಲ್ಲ; ಜನರ ಹಣಕ್ಕೆ ಲೆಕ್ಕ ಇರಲೇಬೇಕು. ಹಾಗಾದರೆ ಹೇಳಿದಷ್ಟು ಜನರಿಗೆ ಕೆಲಸ ಕೊಡದ ಕಂಪನಿಗೆ ಯಾವ ನೋಟೀಸು? ಕೆಲಸ ಕೊಟ್ಟರೂ ಅದು ಖಾಯಂ ಕೆಲಸವೋ, ಗುತ್ತಿಗೆದಾರನ ಕೈಕೆಳಗಿನ ದಿನಗೂಲಿಯೋ ಎಂದು ಎಣಿಸುವವರು ಯಾರು?

ಹಳೆಯ ಮೈಸೂರಿನ ಹಳ್ಳಿಗಳಲ್ಲಿ ತೋಟಿ ತಳವಾರರಿಗೆ ಉಂಬಳಿ ಜಮೀನಿತ್ತು. ಆ ವ್ಯವಸ್ಥೆಯ ಅನ್ಯಾಯಗಳು ನಮಗೆ ಗೊತ್ತು. ಆದರೆ ತುಂಡು ಹೊಲದ ಆ ಉಂಬಳಿಗೂ ಚಾಕರಿಯ ಕಟ್ಟು ಇತ್ತು; ಚಾಕರಿ ತಪ್ಪಿದರೆ ಹೊಲ ತಪ್ಪುತ್ತಿತ್ತು. ಇನಾಮುಗಳನ್ನು ಕಾನೂನಿನಿಂದ ರದ್ದು ಮಾಡಿದ ನಾಡು ಇಂದು ಚಾಕರಿಯ ಕಟ್ಟೂ ಕಾಣದ ಹೊಸ ಇನಾಮುಗಳನ್ನು ಸಾವಿರಾರು ಕೋಟಿಗಳಲ್ಲಿ ಸೃಷ್ಟಿಸುವುದೆ?

ನಮ್ಮ ಬೇಡಿಕೆಗಳು ಸರಳವಾದವು. ಕಂಪನಿಗಳೊಡನೆ ಮಾಡಿಕೊಂಡ ಪ್ರತಿಯೊಂದು ಕರಾರನ್ನೂ ಲೋಕಸಭೆಯ, ವಿಧಾನಸಭೆಯ ಮೇಜಿನ ಮೇಲೆ ಇಡಬೇಕು. ಬಂಡವಾಳದಲ್ಲಿ ಜನರ ಪಾಲು ಎಷ್ಟೋ ಅದಕ್ಕೆ ತಕ್ಕ ಷೇರು, ಇಲ್ಲವೆ ಲಾಭದಲ್ಲಿ ಭಾಗ ಸರ್ಕಾರಕ್ಕೆ ಬರಬೇಕು. ಎಷ್ಟು ಜನಕ್ಕೆ ಖಾಯಂ ಕೆಲಸ, ಏನು ಸಂಬಳ ಎಂಬುದನ್ನು ಕರಾರಿನಲ್ಲಿಯೇ ಬರೆದು, ತಪ್ಪಿದರೆ ಹಣ ಬಡ್ಡಿಸಹಿತ ಹಿಂದಕ್ಕೆ ಬರುವಂತೆ ಮಾಡಬೇಕು. ವರ್ಷವರ್ಷವೂ ಇದರ ಲೆಕ್ಕ ಜನರಿಗೆ ತಿಳಿಯುವ ಭಾಷೆಯಲ್ಲಿ ಪ್ರಕಟವಾಗಬೇಕು.

ಈ ಬೇಡಿಕೆಗಳಿಂದ ಬಂಡವಾಳ ಓಡಿಹೋಗುತ್ತದೆಂದು ಹೆದರಿಸುವವರಿದ್ದಾರೆ. ಲೆಕ್ಕ ಕೇಳಿದೊಡನೆ ಓಡುವ ಪಾಲುಗಾರನನ್ನು ನಂಬಿ ಯಾವ ರೈತನೂ ಬೀಜ ಕೊಡುವುದಿಲ್ಲ. ಮುಂದೆ ಓಟು ಕೇಳಲು ಬರುವವರನ್ನು, ಯಾವ ಪಕ್ಷದವರೇ ಆಗಲಿ, ನಮ್ಮ ಓದುಗರು ಕೂರಿಸಿ ನೀರು ಕೊಟ್ಟು ಇದೊಂದು ಪ್ರಶ್ನೆ ಕೇಳಲಿ: ನಮ್ಮ ಹಣ ಕೊಟ್ಟಿರಿ, ನಮ್ಮ ಪಾಲು ಎಲ್ಲಿ ಬರೆಸಿದ್ದೀರಿ?