ಭೂಕಂಪದ ಮರುದಿನ ಪೌಲ ಕೇಳಿದ್ದು

ನಮ್ಮ ಸಭೆಗಳಲ್ಲಿ ಆರಾಧನೆಯ ನಡುವೆ ಸಾಕ್ಷಿ ಹೇಳುವ ಹೊತ್ತು ಬರುತ್ತದೆ. ಮಗನಿಗೆ ನೌಕರಿಯಾಯಿತು, ಗಂಡ ಕುಡಿಯುವುದು ಬಿಟ್ಟ, ಆಪರೇಷನ್ ಸುಸೂತ್ರವಾಯಿತು ಎಂದು ಒಬ್ಬೊಬ್ಬರಾಗಿ ಎದ್ದು ದೇವರ ಉಪಕಾರ ಹೇಳುತ್ತಾರೆ. ಅವರ ಸಂತೋಷ ನನಗೂ ಸಂತೋಷವೇ. ಆದರೆ ಶಹಾಬಾದದಲ್ಲಿ ಹುಟ್ಟಿ, ಇಲ್ಲಿಯೇ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತಳಾದ ಮೆಥಡಿಸ್ಟ್ ಹೆಣ್ಣುಮಗಳು ನಾನು. ಇಷ್ಟು ವರ್ಷ ಆ ಬೆಂಚುಗಳ ಮೇಲೆ ಕೂತು ನೋಡಿದ್ದನ್ನು ಹೇಳಬೇಕಾಗಿದೆ. ಎದ್ದು ನಿಲ್ಲುವವರು ಕೆಲಸವಾದವರು ಮಾತ್ರ. ಬಾಕಿ ಪಗಾರ ಇನ್ನೂ ಬಾರದವರು, ಕೇಸಿನ ತಾರೀಖಿನಿಂದ ತಾರೀಖಿಗೆ ಅಲೆಯುತ್ತಿರುವವರು ತಲೆ ತಗ್ಗಿಸಿ ಕೂತೇ ಇರುತ್ತಾರೆ. ಅವರ ಕಥೆ ಮುಗಿದಿಲ್ಲ, ಹಾಗಾಗಿ ಅದಕ್ಕೆ ಸಭೆಯಲ್ಲಿ ಜಾಗವೂ ಇಲ್ಲ.

ನಮ್ಮಪ್ಪ ಹಾಗೆ ಕೂತವರಲ್ಲಿ ಒಬ್ಬರು. ಈ ಭಾಗದ ಒಂದು ಕಾರ್ಖಾನೆಯಲ್ಲಿ ಗೂಡಿನ ಬಿಸಿಯ ಮುಂದೆ ಆಯುಷ್ಯ ಕಳೆದವರು. ಕಾರ್ಖಾನೆ ನಿಂತಿತು, ಕೊನೆಯ ತಿಂಗಳುಗಳ ಪಗಾರವೂ ಗ್ರಾಚ್ಯುಟಿಯೂ ಒಳಗೇ ಉಳಿದವು. 1972ರ ಗ್ರಾಚ್ಯುಟಿ ಕಾಯ್ದೆಯ ಪ್ರಕಾರ ದುಡಿದ ಒಂದೊಂದು ವರ್ಷಕ್ಕೂ ಹದಿನೈದು ದಿನದ ಸಂಬಳ, ಅದೂ ಮೂವತ್ತು ದಿನದೊಳಗೆ ಕೈಗೆ ಬರಬೇಕಿತ್ತು. ಸಭೆಯ ಹಿರಿಯರು ಮನೆಗೆ ಬಂದು ಪ್ರಾರ್ಥನೆ ಮಾಡಿದರು. ಹೋಗುವಾಗ ಒಬ್ಬರು ಬಾಗಿಲಲ್ಲಿ ನಿಂತು, "ದೇವ್ರ ಕೈಗಿ ಒಪ್ಪಿಸಿಬಿಡ್ರಿ. ಕೋರ್ಟು ಕಚೇರಿ ಅಡ್ಡಾಡೋದು ವಿಶ್ವಾಸಿಗಳ ಕೆಲಸ ಅಲ್ಲ" ಅಂದರು. ಅಪ್ಪ ಎದುರು ಮಾತಾಡಲಿಲ್ಲ. ನಸುಕಿನಲ್ಲಿ ಎದ್ದು ಕೀರ್ತನೆ ಓದುತ್ತಿದ್ದರು. ಕೇಸಿನ ದಿನ ಬಂದರೆ ಫೈಲನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಕಲಬುರಗಿಯ ರೈಲು ಹತ್ತುತ್ತಿದ್ದರು. ಅವರ ವಿಶ್ವಾಸ ತೆಳುವಾಗಿದೆ ಎಂದು ಮಾತಾಡಿಕೊಂಡವರು ಇದ್ದರು. ಅವ್ವನಿಗೆ ಬಡತನಕ್ಕಿಂತ ಆ ಮಾತೇ ಹೆಚ್ಚು ನೋವು ಕೊಟ್ಟಿತು. ಕೇಸು ಮುಗಿಯುವ ಮೊದಲೇ ಅಪ್ಪ ತೀರಿಕೊಂಡರು. ಆಮೇಲೆ ಬಂದ ಹಣ, ಬರಬೇಕಾದುದಕ್ಕಿಂತ ಕಡಿಮೆಯೇ, ಅವ್ವನ ಹೆಸರಿಗೆ ಬಂತು.

ಅಪ್ಪ ಮಾಡಿದ್ದು ಅವಿಶ್ವಾಸವೇ? ಅಲ್ಲ ಎನ್ನಲು ನನಗೆ ದೊಡ್ಡ ಆಧಾರ ಅಪೊಸ್ತಲರ ಕೃತ್ಯಗಳ ಹದಿನಾರನೆಯ ಅಧ್ಯಾಯ. ಫಿಲಿಪ್ಪಿ ಪಟ್ಟಣದಲ್ಲಿ ಪೌಲ ಮತ್ತು ಸೀಲರನ್ನು ವಿಚಾರಣೆಯಿಲ್ಲದೆ ಬಹಿರಂಗವಾಗಿ ಹೊಡೆಸಿ, ಕಾಲಿಗೆ ಕೊರಡು ಹಾಕಿ ಜೈಲಿನ ಒಳಕೋಣೆಗೆ ತಳ್ಳುತ್ತಾರೆ. ಮಧ್ಯರಾತ್ರಿ ಇಬ್ಬರೂ ಹಾಡುತ್ತಾರೆ, ಭೂಮಿ ಕಂಪಿಸುತ್ತದೆ, ಬಾಗಿಲುಗಳು ತೆರೆದುಕೊಳ್ಳುತ್ತವೆ, ಬೇಡಿಗಳು ಕಳಚಿ ಬೀಳುತ್ತವೆ. ನಮ್ಮ ಪ್ರಸಂಗಗಳು ಇಲ್ಲಿಗೇ, ಹೆಚ್ಚೆಂದರೆ ಜೈಲಿನ ಅಧಿಕಾರಿ ಕುಟುಂಬ ಸಮೇತ ದೀಕ್ಷಾಸ್ನಾನ ಪಡೆದಲ್ಲಿಗೆ ನಿಲ್ಲುತ್ತವೆ. ಬೆಳಗಾದ ಮೇಲಿನ ಸಂಗತಿಯನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಇಬ್ಬರನ್ನೂ ಬಿಟ್ಟು ಕಳಿಸಿ ಎಂದು ಅಧಿಕಾರಿಗಳು ಸದ್ದಿಲ್ಲದೆ ಹೇಳಿಕಳಿಸುತ್ತಾರೆ. ಪೌಲ ಹೊರಡುವುದಿಲ್ಲ. ನಾವು ರೋಮಿನ ಪ್ರಜೆಗಳು, ಎಲ್ಲರೆದುರು ಹೊಡೆಸಿ ಈಗ ಗುಟ್ಟಾಗಿ ಸಾಗಹಾಕುವುದು ನಡೆಯದು, ಅವರೇ ಖುದ್ದಾಗಿ ಬರಲಿ ಎಂದು ಪಟ್ಟು ಹಿಡಿಯುತ್ತಾನೆ. ಅಧಿಕಾರಿಗಳು ಹೆದರಿ ಬಂದು ಬೇಡಿಕೊಳ್ಳುತ್ತಾರೆ.

ರಾತ್ರಿ ದೇವರು ಕೊಟ್ಟದ್ದು ಬಿಡುಗಡೆ. ಬೆಳಿಗ್ಗೆ ಪೌಲ ಕೇಳಿದ್ದು ನ್ಯಾಯ. ಭೂಕಂಪವನ್ನೇ ಕಳಿಸಿದ ದೇವರಿರುವಾಗ ಪೌರತ್ವದ ಮಾತೇಕೆ ಎಂದು ಅವನಿಗೆ ಅನಿಸಲಿಲ್ಲ. ಮುಂದೆ ಯೆಹೂದ್ಯ ಮುಖಂಡರು ತನ್ನ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಇದೇ ಮನುಷ್ಯ ಕೈಸರನ ತನಕ ಮೇಲ್ಮನವಿ ಹಾಕುತ್ತಾನೆ.

ಕೊರಿಂಥದವರಿಗೆ ಬರೆದ ಪತ್ರದಲ್ಲಿ ಪೌಲನೇ ಕೋರ್ಟಿಗೆ ಹೋಗಬೇಡಿ ಎಂದಿದ್ದಾನಲ್ಲ ಎಂದು ಪಾಸ್ಟರುಗಳು ಕೇಳುತ್ತಾರೆ. ಅಲ್ಲಿ ಅವನು ಬೈದದ್ದು ಸಭೆಯೊಳಗಿನ ಸಹೋದರರು ಒಬ್ಬರನ್ನೊಬ್ಬರು ಕಟಕಟೆಗೆ ಎಳೆಯುವುದನ್ನು. ಆ ಮಾತು ಚರ್ಚಿನ ಆಸ್ತಿಗಾಗಿ ವರ್ಷಗಟ್ಟಲೆ ದಾವೆ ಹೂಡಿ ಕೂತ ನಮ್ಮ ಮುಖಂಡರಿಗೆ ಸಲ್ಲುತ್ತದೆ. ಕೂಲಿ ಕಳೆದುಕೊಂಡವನ ಬಾಯಿ ಮುಚ್ಚಿಸಲು ಅದನ್ನು ಬಳಸುವುದು ಅನ್ಯಾಯ. ಮುಯ್ಯಿ ತೀರಿಸುವುದನ್ನು ದೇವರಿಗೆ ಬಿಡಬೇಕೆಂಬ ರೋಮಾಪುರದವರ ಪತ್ರದ ಬೋಧನೆಯನ್ನು ನಾನು ಪೂರ್ತಿ ನಂಬುತ್ತೇನೆ. ಅಪ್ಪನೂ ನಂಬಿದ್ದರು, ಮಾಲೀಕರ ಕೇಡು ಬಯಸಿ ಅವರು ಒಂದು ದಿನವೂ ಪ್ರಾರ್ಥಿಸಲಿಲ್ಲ. ಆದರೆ ಬೆವರಿನ ಬಾಕಿ ಕೇಳುವುದು ಮುಯ್ಯಿ ಹೇಗಾದೀತು? ಧರ್ಮೋಪದೇಶಕಾಂಡದಲ್ಲಿ ಬಡವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕೆಂಬ ಆಜ್ಞೆಯಿದೆ. ಹಿಡಿದಿಟ್ಟ ಕೂಲಿ ತಾನೇ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿ ಮುಟ್ಟುತ್ತದೆ ಎಂದು ಯಾಕೋಬ ಬರೆಯುತ್ತಾನೆ.

ವಿಮೋಚನಕಾಂಡದ ಐದನೆಯ ಅಧ್ಯಾಯವನ್ನಂತೂ ಶಹಾಬಾದಿನಷ್ಟು ಚೆನ್ನಾಗಿ ಅರ್ಥ ಮಾಡಿಕೊಳ್ಳುವ ಊರು ಕಡಿಮೆ. ಫರೋಹ ಇಟ್ಟಿಗೆಗೆ ಬೇಕಾದ ಹುಲ್ಲು ಕೊಡುವುದನ್ನು ನಿಲ್ಲಿಸಿ, ಲೆಕ್ಕ ಮಾತ್ರ ಮೊದಲಿನಷ್ಟೇ ಇರಲಿ ಎನ್ನುತ್ತಾನೆ. ಫರ್ಸಿ ಖಣಿಯಲ್ಲಿ ಬಿಸಿಲು ನೆತ್ತಿಗೇರುವ ತನಕ ಹಾಸುಗಲ್ಲು ಎಬ್ಬಿಸಿ, ಎಬ್ಬಿಸಿದಷ್ಟಕ್ಕೆ ಕೂಲಿ ಪಡೆದ ಮನೆತನಗಳು ನಮ್ಮಲ್ಲಿವೆ. ಕಲ್ಲು ಒಡೆದುಹೋದರೆ ಆ ದಿನದ ದುಡಿಮೆಯೂ ಒಡೆದಂತೆಯೇ. ಅವರಿಗೆ ಆ ಅಧ್ಯಾಯ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಸಂಗತಿ. ಮೋಶೆ ದೇವರ ಹೆಸರಿನಲ್ಲಿ ಅರಮನೆಗೆ ಹೋಗಿ ಬಂದ ಮೇಲೆ ಜನರ ಪಾಡು ಇನ್ನೂ ಕೆಡುತ್ತದೆ. ಇಸ್ರಾಯೇಲ್ಯ ಮೇಲ್ವಿಚಾರಕರು ಫರೋಹನ ಮುಂದೆಯೇ ಹೋಗಿ ದೂರುತ್ತಾರೆ, ಮೋಶೆ ದೇವರನ್ನೇ ಕೇಳುತ್ತಾನೆ: ಯಾಕೆ ಕಳಿಸಿದೆ, ನೀನು ಇವರನ್ನು ಬಿಡಿಸಲೇ ಇಲ್ಲವಲ್ಲ? ದೇವರು ಅವನನ್ನು ಗದರಿಸುವುದಿಲ್ಲ. ಇನ್ನೂ ಬಿಡುಗಡೆಯಾಗದವರ ಮಾತಿಗೆ ಬೈಬಲಿನಲ್ಲಿ ಇಷ್ಟು ಜಾಗವಿರುವಾಗ ನಮ್ಮ ಸಾಕ್ಷಿಯ ಹೊತ್ತಿನಲ್ಲಿ ಯಾಕಿಲ್ಲ?

ಕಣ್ಣಿಗೆ ಕಾಣುವ ಬಿಡುಗಡೆ ಬಾರದೆಯೇ ಹೋದವರೂ ಇದ್ದಾರೆ. ಫಾದರ್ ಸ್ಟ್ಯಾನ್ ಸ್ವಾಮಿ 1975ರಿಂದ 1986ರವರೆಗೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು, ಆಮೇಲೆ ಜಾರ್ಖಂಡದ ಆದಿವಾಸಿಗಳ ನಡುವೆ ಬದುಕಿದವರು. 2020ರ ಅಕ್ಟೋಬರ್ 8ರಂದು ಅವರ ಬಂಧನವಾಯಿತು. ಪಾರ್ಕಿನ್ಸನ್ ಕಾಯಿಲೆಯಿಂದ ನಡುಗುವ ಕೈಯಲ್ಲಿ ಲೋಟ ಹಿಡಿಯಲಾಗದೆ ನೀರು ಕುಡಿಯಲು ಒಂದು ಸ್ಟ್ರಾ, ಒಂದು ಸಿಪ್ಪರ್ ಬೇಕೆಂದು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು ಬಾಂಬೆ ಹೈಕೋರ್ಟಿನಲ್ಲಿ ಅವರ ಜಾಮೀನಿನ ವಿಷಯ ಬಂದಾಗ ನ್ಯಾಯಮೂರ್ತಿಗಳಿಗೆ ತಿಳಿಸಬೇಕಾದದ್ದು ಅವರ ಸಾವಿನ ಸುದ್ದಿ. ಅವರಿಗೆ 84 ವರ್ಷ. ಆ ಮನುಷ್ಯನ ವಿಶ್ವಾಸಕ್ಕೆ ಫಲ ಸಿಗಲಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ. ಕೊನೆಯವರೆಗೂ ಕಾನೂನಿನ ಬಾಗಿಲು ಬಡಿಯುತ್ತಲೇ ಇದ್ದರು, ದೇವರನ್ನೂ ಬಿಡಲಿಲ್ಲ. ಲೂಕನ ಸುವಾರ್ತೆಯಲ್ಲಿ ನ್ಯಾಯಾಧೀಶನ ಬೆನ್ನು ಬಿಡದ ವಿಧವೆಯ ಸಾಮ್ಯ ಹೇಳಿ ಯೇಸು ಕೊನೆಗೆ ಕೇಳುವುದು ಭೂಮಿಯ ಮೇಲೆ ಇಂಥ ನಂಬಿಕೆ ಉಳಿದೀತೇ ಎಂದು.

ತಲೆಮಾರುಗಳಿಂದ ಕಾಯುತ್ತಿರುವವರೂ ನಮ್ಮ ನಡುವೆಯೇ ಇದ್ದಾರೆ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಹಿಂದೂಗಳಿಗೆ ಮಾತ್ರ ಎಂದಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ದಲಿತ ಕ್ರೈಸ್ತರು ಹೊರಗೆ ಉಳಿದರು. ಸೇರಿಸಬೇಕೆಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಹೇಳಿತು. 2022ರಲ್ಲಿ ಮತ್ತೊಂದು ಆಯೋಗ ಕೂತಿತು. ಊರಿನ ಕಣ್ಣಿನಲ್ಲಿ ಜಾತಿ ಹಾಗೇ ಇದೆ, ಕಾಗದದಲ್ಲಿ ಮಾತ್ರ ಇಲ್ಲ. ಇದನ್ನು ಪ್ರಾರ್ಥನೆಯ ವಿಷಯವೆಂದು ಎಷ್ಟು ಸಭೆಗಳು ಎತ್ತಿಕೊಂಡಿವೆ?

ನವೆಂಬರಿನಲ್ಲಿ ನಮ್ಮವರು ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಧಾರೂರಿನ ಕ್ರೈಸ್ತ ಜಾತ್ರೆಗೆ ಹೋಗುತ್ತಾರೆ. ಮಡಿಲು ತುಂಬ ಬೇಡಿಕೆ ಕಟ್ಟಿಕೊಂಡು ಹೋಗುವ ಆ ಹೆಂಗಸರ ಪ್ರಾರ್ಥನೆಯ ಮುಂದೆ ನನ್ನ ಓದು ಸಣ್ಣದು. ಆ ಪ್ರಾರ್ಥನೆಗೆ ಜೊತೆಯಾಗಿ ಒಂದು ಕೆಲಸ ಆಗಬೇಕೆಂಬುದಷ್ಟೇ ನನ್ನ ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಕಾರ್ಖಾನೆಯ ಕಾರ್ಮಿಕರಿಗೆ ಆದಾಯ ನೋಡದೆ ಉಚಿತ ವಕೀಲರ ನೆರವು ಸಿಗುತ್ತದೆ. ಅಪ್ಪನಿಗೆ ಇದನ್ನು ಯಾರೂ ಹೇಳಲಿಲ್ಲ. ಅವ್ವನ ಬಳೆ ವಕೀಲರ ಫೀಸಿಗೆ ಹೋದವು. ತಿಂಗಳಿಗೊಂದು ಭಾನುವಾರ ಆರಾಧನೆ ಮುಗಿದ ಮೇಲೆ ಒಂದು ಮೇಜು ಹಾಕಿ, ಅರ್ಜಿ ಬರೆಯುವವರು ಇಬ್ಬರು ಕೂರೋಣ ಎಂದು ನಮ್ಮ ಪಾಸ್ಟರರನ್ನು ಕೇಳಿದೆ. ಅವರು ಒಪ್ಪಿದ್ದಾರೆ, ತಾರೀಖಿಗೆ ಹೋಗುವವರ ಹೆಸರು ಹಿಡಿದು ಸಭೆಯಲ್ಲಿ ಪ್ರಾರ್ಥಿಸುವುದಕ್ಕೂ ಒಪ್ಪಿದ್ದಾರೆ. ಹಾಜರಿ ಚೀಟಿ, ಪಿಎಫ್ ಕಾಗದ, ಪಗಾರದ ರಸೀದಿ, ಏನಿದ್ದರೂ ತನ್ನಿ. ಯಾವ ಜಾತಿ, ಯಾವ ಧರ್ಮ ಎಂದು ನಾವು ಕೇಳುವುದಿಲ್ಲ.