ಸೌದೆಯ ತೂಕದಲ್ಲಿ ನೀರಿನ ಪಾಲೆಷ್ಟು?

ಸಂಕ್ರಾಂತಿ ಕಳೆಯಿತೆಂದರೆ ಮಲೆನಾಡಿನ ಮನೆಗಳಲ್ಲಿ ಒಂದೇ ಚಿಂತೆ: ಮಳೆಗಾಲದ ಸೌದೆಗೆ ಏನು ಮಾಡೋದು? ಬಯಲುಸೀಮೆಯವರಿಗೆ ಇದು ತಮಾಷೆಯಾಗಿ ಕಾಣಬಹುದು. ಬಿಸಿಲು ನೆತ್ತಿ ಸುಡುವಾಗ ಮಳೆಯ ಮಾತೇಕೆ ಎಂದು ನಗಬಹುದು. ಆದರೆ ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಆ ನಾಲ್ಕು ತಿಂಗಳು ಹೊರಗೆ ಹಾಕಿದ ಕಡ್ಡಿ ಒಣಗದು, ಒಗೆದ ಬಟ್ಟೆ ಒಣಗದು, ನೆನೆದು ಬಂದ ಮಕ್ಕಳ ತಲೆಯೂ ಒಣಗದು. ಬಚ್ಚಲ ಹಂಡೆಯ ಕೆಳಗಿನ ಬೆಂಕಿಯೊಂದೇ ಗತಿ.

ಆ ಬೆಂಕಿಯ ವ್ಯವಸ್ಥೆ ಆಗಬೇಕಾದ್ದು ಈಗ. ರೋಹಿಣಿ ಮಳೆಗೆ ಮುಂಚೆ ಸೌದೆ ಒಣಗಿ ಕೊಟ್ಟಿಗೆ ಸೇರಬೇಕು. ಮೃಗಶಿರಾ ಹಿಡಿದ ಮೇಲೆ ಕೊಂಡದ್ದು ಸೌದೆಯಲ್ಲ, ನೀರು ಕುಡಿದ ಮರ. ಇದನ್ನು ಹಿಂದಿನವರು ಯಾರ ಉಪದೇಶವೂ ಇಲ್ಲದೆ ತಿಳಿದಿದ್ದರು. ಇವತ್ತಿನ ಪೇಟೆಯವರು ಮಾತ್ರ ಜೂನ್ ಮೊದಲ ವಾರದಲ್ಲಿ ಪಿಕಪ್ ಗಾಡಿಯವನ ಹಿಂದೆ ಓಡುತ್ತಾರೆ. ಅವನು ಹೇಳಿದ್ದೇ ರೇಟು, ಇಳಿಸಿದ್ದೇ ಸೌದೆ.

ಗ್ಯಾಸ್ ಬಂದಮೇಲೂ ಸೌದೆ ಯಾಕೆ?

ಮನೆಮನೆಗೆ ಸಿಲಿಂಡರ್ ಬಂದಿದೆಯಲ್ಲ, ಇನ್ನೂ ಸೌದೆ ಪುರಾಣ ಯಾಕ್ರೀ ಎಂದು ಕೇಳುವವರಿದ್ದಾರೆ. 2016ರ ಮೇ 1ರಂದು ಉಜ್ವಲ ಯೋಜನೆ ಶುರುವಾಯಿತು. ಅದಕ್ಕೂ ಮುಂಚೆ ಗ್ಯಾಸ್ ಕಂಡ ಮನೆಗಳೂ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಅನ್ನ, ಸಾರು, ಕಾಫಿ ಗ್ಯಾಸಿನ ಮೇಲೆ ಆಗುತ್ತವೆ, ನಿಜ. ಸ್ನಾನದ ನೀರಿನ ಲೆಕ್ಕ ಬೇರೆ.

ಐದು ಜನರ ಸಂಸಾರ. ತಲೆಗೆ 20 ಲೀಟರಿನಂತೆ ದಿನಕ್ಕೆ 100 ಲೀಟರ್ ನೀರು. ಮಳೆಗಾಲದ ತಣ್ಣೀರನ್ನು 30 ಡಿಗ್ರಿ ಮೇಲಕ್ಕೆ ಏರಿಸಬೇಕು. ಇದನ್ನು ಗ್ಯಾಸಿನಲ್ಲೇ ಮಾಡಹೊರಟರೆ ದಿನಕ್ಕೆ ಹತ್ತಿರ ಹತ್ತಿರ ಅರ್ಧ ಕೆ.ಜಿ. ಗ್ಯಾಸ್ ಬೇಕು. 120 ದಿನಕ್ಕೆ 14.2 ಕೆ.ಜಿ.ಯ ಸಿಲಿಂಡರು ಸುಮಾರು ನಾಲ್ಕು! ಬರೀ ಸ್ನಾನಕ್ಕೆ. ಕೂಲಿಯ ಮನೆಗೆ, ಸಣ್ಣ ಅಂಗಡಿಯವನ ಮನೆಗೆ ಇದು ಆಗುವ ಮಾತೇ? ಇನ್ನು ವಿದ್ಯುತ್ ಹೀಟರಿನ ಕಥೆ. ಗಾಳಿಮಳೆಗೆ ಒಂದು ಮರ ಲೈನಿನ ಮೇಲೆ ಒರಗಿದರೆ ಎರಡು ದಿನ ಕರೆಂಟಿಲ್ಲ. ಸೋಲಾರ್ ಹಾಕಿಸಿಕೊಂಡವರು ಪುನರ್ವಸು, ಪುಷ್ಯ ಮಳೆಯಲ್ಲಿ ಸೂರ್ಯನನ್ನು ಕ್ಯಾಲೆಂಡರಿನಲ್ಲೇ ನೋಡಬೇಕು.

ಅದೇ ನೀರಿಗೆ ಒಣ ಸೌದೆಯಾದರೆ ದಿನಕ್ಕೆ ನಾಲ್ಕೈದು ಕೆ.ಜಿ. ಸಾಕು. ಮಳೆಗಾಲ ಪೂರ್ತಿಗೆ ಐದಾರು ಕ್ವಿಂಟಾಲ್. ಆದ್ದರಿಂದ ಗ್ಯಾಸ್ ಇದ್ದ ಮನೆಯವರೂ ಸೌದೆ ಒಟ್ಟುತ್ತಾರೆ. ಇದು ಹಳೇಕಾಲದ ಹಟವಲ್ಲ, ಮನೆಖರ್ಚಿನ ಲೆಕ್ಕ.

ನೀರಿಗೆ ಕೊಡುವ ದುಡ್ಡು

ಈಗ ಅಸಲು ವಿಷಯಕ್ಕೆ ಬರೋಣ. ಪೇಟೆಯಲ್ಲಿ ಸೌದೆ ಮಾರುವುದು ತೂಕದ ಮೇಲೆ. ಆಗತಾನೆ ಕಡಿದ ಮರದ ತೂಕದಲ್ಲಿ ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೂ ನೀರೇ ಇರುತ್ತದೆ. ಅರ್ಧ ನೀರಿರುವ ಒಂದು ಟನ್ ಹಸಿ ಸೌದೆ ಕೊಂಡಿರೆನ್ನಿ. ಅದರಲ್ಲಿ 500 ಕೆ.ಜಿ. ನೀರು. ಚೆನ್ನಾಗಿ ಒಣಗಿದ ಸೌದೆಯಲ್ಲೂ ನೂರಕ್ಕೆ 20 ಪಾಲು ನೀರು ಉಳಿಯುತ್ತದೆ. ಆ ಲೆಕ್ಕಕ್ಕೆ ಒಣಗಿದ ಮೇಲೆ ನಿಮ್ಮ ಒಂದು ಟನ್ ಆಗುವುದು 625 ಕೆ.ಜಿ. ಉಳಿದ 375 ಕೆ.ಜಿ. ಗಾಳಿಗೆ ಹೋಯಿತು.

ಲೆಕ್ಕಕ್ಕೆ ಕೆ.ಜಿ.ಗೆ 6 ರೂಪಾಯಿ ಎಂದು ಹಿಡಿಯಿರಿ. ಟನ್ನಿಗೆ 6,000 ಕೊಟ್ಟಿರಿ. ಅದರಲ್ಲಿ 2,250 ರೂಪಾಯಿ ಕೊಟ್ಟದ್ದು ಹಾರಿಹೋದ ನೀರಿಗೆ. ಹಾಲಿಗೆ ನೀರು ಬೆರೆಸಿದರೆ ಬೀದಿಗಿಳಿದು ಜಗಳ ಆಡುವ ಜನ ಸೌದೆಯ ನೀರಿಗೆ ಮಾತಿಲ್ಲದೆ ದುಡ್ಡು ಎಣಿಸುತ್ತಾರೆ!

ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಹಸಿ ಸೌದೆ ಉರಿಯುವ ಮೊದಲು ತನ್ನೊಳಗಿನ ನೀರನ್ನು ಆವಿ ಮಾಡಬೇಕು. ಮಂಜಿನಷ್ಟು ತಣ್ಣಗಿರುವ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಎಷ್ಟು ಶಾಖ ಬೇಕೋ, ಕುದಿದ ನೀರನ್ನು ಆವಿ ಮಾಡಲು ಅದರ ಐದು ಪಟ್ಟಿಗಿಂತ ಹೆಚ್ಚು ಬೇಕು. ಅಂದರೆ ಹಂಡೆಗೆ ಹೋಗಬೇಕಾದ ಶಾಖ ಸೌದೆಯ ಹೊಟ್ಟೆಯೊಳಗಿನ ನೀರಿಗೇ ಖರ್ಚು. ಬೆಂಕಿ ಸತ್ತು ಹೊಗೆ ಏಳುತ್ತದೆ. ಊದುಕೊಳವೆ ಹಿಡಿದು ಕೂತ ಹೆಂಗಸರ ಕಣ್ಣು, ಎದೆ ಅದನ್ನು ಅನುಭವಿಸುತ್ತವೆ. ದಮ್ಮು, ಕೆಮ್ಮು, ಕಣ್ಣೀರು ಎಲ್ಲ ಅಲ್ಲಿಂದಲೇ.

ಹಾಗಾದರೆ ಸೌದೆ ಡಿಪೋದವರೆಲ್ಲ ಮೋಸಗಾರರೇ? ಹಾಗೆ ಹೇಳುವುದು ಅನ್ಯಾಯ. ಅವರ ಕಷ್ಟವನ್ನೂ ನೋಡಬೇಕು. ಜನವರಿಯಲ್ಲಿ ಒಂದು ಟನ್ ತಂದು ಸೀಳಿಸಿ, ಮೇ ತನಕ ಒಣಗಿಸಿಟ್ಟ ವ್ಯಾಪಾರಿಗೆ ಮಾರುವಾಗ ಸಿಗುವ ತೂಕ 625 ಕೆ.ಜಿ. ಗಿರಾಕಿ ಮಾತ್ರ ಪಕ್ಕದವನ ಹಸಿ ಸೌದೆಯ ರೇಟನ್ನೇ ಹಿಡಿದು ಚೌಕಾಸಿ ಮಾಡುತ್ತಾನೆ. ಪ್ರಾಮಾಣಿಕನಿಗೆ ನಷ್ಟ, ಹಸಿ ತೂಗಿದವನಿಗೆ ಲಾಭ. ಹೀಗಿದ್ದ ಮೇಲೆ ಒಣಗಿಸಿ ಮಾರುವ ಬುದ್ಧಿ ಯಾರಿಗೆ ಬಂದೀತು?

ಗಿರಾಕಿ ಒಂದು ಲೆಕ್ಕ ನೆನಪಿಡಬೇಕು. ಇಂಥ ಹಸಿ ಸೌದೆ ಕೆ.ಜಿ.ಗೆ 6 ರೂಪಾಯಿ ಆದರೆ, ಒಣ ಸೌದೆಗೆ 9 ರೂಪಾಯಿ ಕೊಟ್ಟರೂ ಅದೇ ಅಗ್ಗ. ಎರಡೂ ಸರಿಸಮ ಬೀಳುವುದು 9 ರೂಪಾಯಿ 60 ಪೈಸೆಗೆ. ಡಿಪೋಗಳ ಮುಂದೆ 'ಹಸಿ' ಎಂದೊಂದು, 'ಒಣ' ಎಂದೊಂದು, ಎರಡು ರೇಟಿನ ಬೋರ್ಡು ಹಾಕಿದರೆ ಅರ್ಧ ಜಗಳ ಮುಗಿಯುತ್ತದೆ. ತಕ್ಕಡಿ ನೋಡಲು 2009ರ ಕಾನೂನುಬದ್ಧ ಮಾಪನ ಕಾಯ್ದೆ ಇದೆ. ಆ ಇಲಾಖೆಯ ಇನ್‌ಸ್ಪೆಕ್ಟರುಗಳು ಬೆಲ್ಲದಂಗಡಿ, ಬಂಗಾರದಂಗಡಿಗೆ ಹೋಗುವಂತೆ ಸೌದೆ ತೂಗುವಲ್ಲಿಗೂ ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಸುತ್ತು ಹಾಕಲಿ.

ಕಾಡಿಗೆ ಹೋಗುವವರ ಪಾಡು

ಇದು ಕೊಳ್ಳುವ ಶಕ್ತಿ ಇದ್ದವರ ಮಾತಾಯಿತು. ಇಲ್ಲದವರು? ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುವವರು ಕಿಟಕಿಯಿಂದ ಕಂಡೇ ಇರುತ್ತಾರೆ. ತಲೆಯ ಮೇಲೆ ಹೊರೆ ಹೊತ್ತ ಹೆಂಗಸರು ರಸ್ತೆಯಂಚಿಗೆ ಸರಿದು ಬಸ್ಸಿಗೆ ದಾರಿ ಬಿಡುತ್ತಾರೆ. ಅವರು ಕಾಡಿಗೆ ಹೋಗುವ ತಿಂಗಳುಗಳೇ ಮಂಗನ ಕಾಯಿಲೆಯ ತಿಂಗಳುಗಳು.

ಈ ರೋಗಕ್ಕೆ ಜಗತ್ತಿನ ವೈದ್ಯಶಾಸ್ತ್ರದಲ್ಲಿ ಇರುವ ಹೆಸರೇ ನಮ್ಮ ಜಿಲ್ಲೆಯದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದು, ಹತ್ತಿರದ ಹಳ್ಳಿಗಳಲ್ಲಿ ಜನ ಜ್ವರಕ್ಕೆ ತುತ್ತಾದಾಗ ಈ ಕಾಯಿಲೆ ಬೆಳಕಿಗೆ ಬಂತು. ಹರಡುವುದು ಕಾಡಿನ ಉಣುಗು. ಡಿಸೆಂಬರಿನಿಂದ ಮೇ ತನಕ ತರಗೆಲೆಯ ನಡುವೆ ಸಾಸಿವೆಯಷ್ಟು ಸಣ್ಣ ಮರಿ ಉಣುಗುಗಳು ತುಂಬಿರುತ್ತವೆ. ಸೌದೆ ಆಯುವವರು, ದರಗು ಗುಡಿಸುವವರು, ದನ ಕಾಯುವವರು ಇವಕ್ಕೆ ಮೊದಲ ಬಲಿ. 2018ರ ಕೊನೆ ಮತ್ತು 2019ರ ಮೊದಲ ತಿಂಗಳುಗಳಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಭಾಗದಲ್ಲಿ ಸಾವಿನ ಮೇಲೆ ಸಾವು ಕಂಡದ್ದನ್ನು ಜಿಲ್ಲೆ ಮರೆತಿಲ್ಲ. ದಶಕಗಳ ಕಾಲ ಕೊಟ್ಟ ಹಳೆಯ ಲಸಿಕೆಯನ್ನು ಪರಿಣಾಮ ಸಾಲದೆಂದು 2022ರಲ್ಲಿ ನಿಲ್ಲಿಸಲಾಯಿತು.

ಒಂದು ಹೊರೆ ಸೌದೆಗಾಗಿ ಜೀವ ಒತ್ತೆ ಇಡುವ ಸ್ಥಿತಿ ಇದು. ಕಾಡಿಗೆ ಹೋಗಬೇಡಿ ಎಂದು ಮೈಕಿನಲ್ಲಿ ಕೂಗಿದರೆ ಸಾಕೇ? ಹೋಗದಿದ್ದರೆ ಒಲೆ ಹೇಗೆ ಉರಿಯುತ್ತದೆ ಎಂಬುದನ್ನೂ ಕೂಗಿದವರೇ ಹೇಳಬೇಕಲ್ಲವೇ?

ದಾರಿ ಇಲ್ಲದಿಲ್ಲ

ಕೇಂದ್ರ ಸರ್ಕಾರದ 1988ರ ರಾಷ್ಟ್ರೀಯ ಅರಣ್ಯ ನೀತಿ ಸ್ಪಷ್ಟವಾಗಿ ಹೇಳುತ್ತದೆ: ಕಾಡಿನಲ್ಲೂ ಕಾಡಿನಂಚಿನಲ್ಲೂ ಬದುಕುವ ಗಿರಿಜನರ ಮತ್ತು ಬಡವರ ಮನೆಬಳಕೆಯ ಸೌದೆ, ಮೇವಿಗೆ ಅರಣ್ಯೋತ್ಪನ್ನದಲ್ಲಿ ಮೊದಲ ಪಾಲು. ಕಾಗದದ ಮೇಲೆ ಇಷ್ಟು ಚೆನ್ನಾಗಿರುವ ಮಾತು ಒಲೆಯ ತನಕ ಬರಲಿ. ಎಂಬತ್ತರ ದಶಕದಿಂದ ಮಲೆನಾಡಿನ ಗುಡ್ಡಗಳ ಮೇಲೆ ನೆಟ್ಟ ಅಕೇಶಿಯಾ ತೋಪುಗಳಿವೆ. ಅದರ ಕಟಾವಿನ ನಂತರ ಉಳಿಯುವ ಕೊಂಬೆ ರೆಂಬೆ ಒಳ್ಳೆಯ ಸೌದೆ. ಗಾಳಿಗೆ ಬಿದ್ದ ಮರಗಳು ರಸ್ತೆ ಬದಿಯಲ್ಲೇ ಗೆದ್ದಲು ಹಿಡಿಯುವುದನ್ನು ಯಾರು ಕಂಡಿಲ್ಲ? ಇವನ್ನು ಫೆಬ್ರವರಿಯಲ್ಲೇ ಸೀಳಿಸಿ, ಹೋಬಳಿಗೊಂದು ಕಡೆ ಒಟ್ಟಿಸಿ, ಏಪ್ರಿಲ್ ಮುಗಿಯುವುದರೊಳಗೆ ರೇಷನ್ ಕಾರ್ಡಿನ ಮೇಲೆ ನಿಗದಿ ಬೆಲೆಗೆ ಕ್ವಿಂಟಾಲ್ ಲೆಕ್ಕದಲ್ಲಿ ಕೊಡುವುದು ಏನು ಮಹಾ ಕಷ್ಟ? ಇದಕ್ಕೆ ಒಂದು ಹಸಿ ಮರವನ್ನೂ ಕಡಿಯಬೇಕಾಗಿಲ್ಲ. ಹರಾಜಿನಲ್ಲಿ ದೊಡ್ಡ ಕಂಟ್ರಾಕ್ಟರಿಗೆ ಲಾಟುಗಟ್ಟಲೆ ಹೋಗುವುದರಲ್ಲಿ ಒಂದು ಪಾಲು ಒಲೆಗೆ ಬಂದರೆ ಕಾಡಿಗೂ ಕ್ಷೇಮ, ಜನಕ್ಕೂ ಕ್ಷೇಮ.

ಅಲ್ಲಿಯ ತನಕ ಕಾಡಿಗೆ ಹೋಗುವವರಿಗೆ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಕೂರದೆ ಅಂಗನವಾಡಿಯಲ್ಲೂ ರೇಷನ್ ಅಂಗಡಿಯಲ್ಲೂ ಸಿಗಲಿ. ಮೈತುಂಬ ಬಟ್ಟೆ ಹಾಕಿಕೊಂಡು ಹೋಗಿ, ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸೋಪು ಹಚ್ಚಿ ಸ್ನಾನ ಮಾಡುವುದು ಒಳ್ಳೆಯದು. ಕಾಡಿಗೆ ಹೋಗಿಬಂದ ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗದೆ ಆಸ್ಪತ್ರೆಗೆ ಹೋಗಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಸುದ್ದಿ ಮುಟ್ಟಿಸಬೇಕು.

ಒಲೆಯ ಮಾತೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದ ವಿಜ್ಞಾನಿಗಳು 1980ರ ದಶಕದಲ್ಲಿ ಅಸ್ತ್ರ ಒಲೆಯನ್ನು ಹಳ್ಳಿಗಳಿಗೆ ತಂದರು. ಕಡಿಮೆ ಸೌದೆ, ಹೊಗೆ ಕೊಳವೆಯಲ್ಲಿ ಮನೆಯಿಂದಾಚೆ. ಯೋಜನೆಯ ದುಡ್ಡು ನಿಂತಿತು, ಒಲೆ ಕಟ್ಟುವ ಕೈಗಳೂ ಕಡಿಮೆಯಾದವು. ಗ್ರಾಮ ಪಂಚಾಯಿತಿಗಳು ನಾಲ್ಕು ಜನ ಗಾರೆಯವರಿಗೆ ಮತ್ತೆ ಆ ಕೆಲಸ ಕಲಿಸಿದರೆ ಬಚ್ಚಲೊಲೆಗೂ ಒಂದು ಹೊಗೆಗೂಡು ಬಂದೀತು.

ಮನೆಯವರು ಮಾಡಬೇಕಾದ್ದು

ಸರ್ಕಾರದ ಕೆಲಸ ಸರ್ಕಾರಕ್ಕೆ. ಗಿರಾಕಿಯ ಕೈಯಲ್ಲೂ ಒಂದಿಷ್ಟಿದೆ.

ಕೊಳ್ಳುವಾಗ ಎರಡು ಸೀಳು ತೆಗೆದು ಒಂದಕ್ಕೊಂದು ಬಡಿಯಿರಿ. 'ಟಣ್' ಎಂದರೆ ಒಣಗಿದೆ, 'ದಬ್' ಎಂದರೆ ಹಸಿ. ಒಣಗಿದ ಸೌದೆಯ ತುದಿಯಲ್ಲಿ ಬಿರುಕು ಬಿಟ್ಟಿರುತ್ತದೆ, ತೊಗಟೆ ಉಗುರಿಗೇ ಬಿಡುತ್ತದೆ. ದಿಮ್ಮಿಯಾಗಿಟ್ಟರೆ ವರ್ಷವಾದರೂ ಒಳಗೆ ಒಣಗದು. ತೊಗಟೆ ನೀರನ್ನು ಹೊರಗೆ ಬಿಡುವುದಿಲ್ಲ, ಹಾಗಾಗಿ ಸೀಳಿಸಲೇಬೇಕು. ಕೆಳಗೆ ಕಲ್ಲು ಅಥವಾ ಅಡಿಕೆ ದಬ್ಬೆ ಹಾಕಿ, ನೆಲಕ್ಕೆ ತಾಗದಂತೆ, ಗಾಳಿಯಾಡುವಂತೆ ಒಟ್ಟಬೇಕು. ಟಾರ್ಪಾಲು ನೆತ್ತಿಗೆ ಮಾತ್ರ. ನಾಲ್ಕೂ ಬದಿ ಮುಚ್ಚಿದರೆ ಒಳಗೇ ಬೆವೆತು ಬೂಷ್ಟು ಹಿಡಿಯುತ್ತದೆ. ಮನೆ ಗೋಡೆಗೆ ಒತ್ತಿ ಒಟ್ಟಿದರೆ ಗೆದ್ದಲಿಗೆ ಮೆಟ್ಟಿಲು ಕಟ್ಟಿಕೊಟ್ಟಂತೆ. ಸೌದೆ ಎಳೆಯುವಾಗ ಹಾವು, ಚೇಳಿನ ಭಯವಿದೆ, ಕತ್ತಲಲ್ಲಿ ಕೈಹಾಕಬೇಡಿ. ಚೇರೆ ಮರದ ಸೌದೆಯನ್ನು ಯಾರು ಪುಕ್ಕಟೆ ಕೊಟ್ಟರೂ ಬೇಡ. ಅದರ ಸೊನೆ ಮೈಮೇಲೆ ಬೊಬ್ಬೆ ಎಬ್ಬಿಸುತ್ತದೆ.

ತೋಟ ಇದ್ದವರು ತೆಂಗಿನ ಮೊಟ್ಟೆ, ಕರಟ, ಅಡಿಕೆ ಸಿಪ್ಪೆಯನ್ನು ಮಳೆಗೆ ಕೊಳೆಯಲು ಬಿಡದೆ ಈಗಲೇ ಒಳಗೆ ತುಂಬಿಕೊಳ್ಳಬಹುದು. ಸ್ವಂತ ಜಾಗದ ಮರ ಕಡಿಯುವವರು 1976ರ ಮರ ಸಂರಕ್ಷಣಾ ಕಾಯ್ದೆ ಇದೆ ಎಂಬುದನ್ನು ಮರೆಯಬಾರದು. ಗಾಳಿ, ಸಿಲ್ವರ್ ಓಕ್‌ನಂಥ ಕೆಲವು ಜಾತಿಗೆ ವಿನಾಯಿತಿ ಉಂಟು. ಉಳಿದವಕ್ಕೆ ಅನುಮತಿ ಪಡೆದೇ ಕೊಡಲಿ ಎತ್ತುವುದು ಕ್ಷೇಮ.

ಇನ್ನೊಂದು ಮಾತು, ಜೀವದ ಮಾತು. ಚಳಿ ಎಂದು ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ, ಕಿಟಕಿ ಬಾಗಿಲು ಜಡಿದು ಮಲಗುವ ರೂಢಿ ಕೆಲವರಿಗಿದೆ. ಕೆಂಡದಿಂದ ಏಳುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಮೈ ಕಾಯಿಸಿಕೊಂಡು ಕೆಂಡವನ್ನು ಹೊರಗಿಟ್ಟು ಮಲಗಿ.

ಕೇಳುತ್ತಿರುವುದು ದೊಡ್ಡ ಯೋಜನೆಯಲ್ಲ. ಅರಣ್ಯ ಇಲಾಖೆಯಿಂದ ಹೋಬಳಿಗೊಂದು ಸೌದೆ ಒಟ್ಟು, ಮಾಪನ ಇಲಾಖೆಯಿಂದ ಒಂದು ಸುತ್ತು, ಆರೋಗ್ಯ ಇಲಾಖೆಯಿಂದ ಒಂದು ಬಾಟಲಿ ಎಣ್ಣೆ, ಡಿಪೋದವರಿಂದ ಎರಡು ಬೋರ್ಡು. ಆರಿದ್ರಾ ಮಳೆ ಟಿಪ್ಪಣಿ, ಕಡತ, ಸಭೆ ನೋಡಿಕೊಂಡು ಬರುವುದಿಲ್ಲ. ಕೆಲಸಕ್ಕೆ ಉಳಿದಿರುವುದು ಬಿಸಿಲಿರುವ ನಾಲ್ಕು ತಿಂಗಳು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?